ಎಂ-1 ಗರಾಂಡ್: ಎರಡು ದೂರುಗಳ ಮೂಲ ಹುಡುಕಿದ ಬಗೆ

ನನ್ನ ಎಂ-1 ಗರಾಂಡ್ ರೈಫಲ್‌ಗೆ ಎರಡು ಕಾಯಿಲೆಗಳಿದ್ದವು. ಎಂಟು ತೋಟಾಗಳ ಕ್ಲಿಪ್ ತುಂಬಿ ಹಾರಿಸುತ್ತಾ ಹೋದರೆ, ನಡುವೆ ಎಲ್ಲೋ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಮುಂದಿನ ತೋಟಾವನ್ನು ಎತ್ತಿಕೊಳ್ಳದೆ ಖಾಲಿ ಚೇಂಬರ್ (ತೋಟಾ ಕೂರುವ ಗೂಡು) ಮೇಲೆ ಮುಚ್ಚಿಕೊಳ್ಳುತ್ತಿತ್ತು. ಜೊತೆಗೆ 100 ಗಜ ದೂರದ ಗುರಿಹಲಗೆಯಲ್ಲಿ ಗುಂಡುಗಳು ಆರೇಳು ಅಂಗುಲ ಚದುರುತ್ತಿದ್ದವು. ಗುಂಪಿನ ನಡುಬಿಂದುವೂ ಒಂದು ಕ್ಲಿಪ್‌ನಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತಿತ್ತು. ಒಹಾಯೊದ ನಮ್ಮ ಕ್ಲಬ್ಬಿನ ಗೆಳೆಯರಲ್ಲಿ ಕೆಲವರು ನಳಿಗೆ ಸವೆದಿದೆ ಎಂದರು, ಕೆಲವರು ಸ್ಪ್ರಿಂಗ್ ಬದಲಿಸಲು ಹೇಳಿದರು. ಎರಡು ದೂರುಗಳಿಗೆ ಎರಡು ಔಷಧ ಕೊಳ್ಳುವ ಮೊದಲು, ಎರಡೂ ಒಂದೇ ಕಡೆಯಿಂದ ಹುಟ್ಟುತ್ತಿರಬಹುದೇ ಎಂದು ನೋಡಬೇಕೆನಿಸಿತು.

ಈ ಅನುಮಾನಕ್ಕೆ ಕಾರಣ ರೈಫಲ್‌ನ ರಚನೆಯಲ್ಲೇ ಇದೆ. ಗುಂಡು ನಳಿಗೆಯ ತುದಿಯ ಹತ್ತಿರ ಬಂದಾಗ, ಅಲ್ಲಿರುವ ಸಣ್ಣ ರಂಧ್ರದ ಮೂಲಕ ಸ್ವಲ್ಪ ಗ್ಯಾಸ್ ಕೆಳಗಿನ ಸಿಲಿಂಡರ್‌ಗೆ ಇಳಿಯುತ್ತದೆ. ಅದು ಆಪರೇಟಿಂಗ್ ರಾಡ್‌ನ ತುದಿಯ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ರಾಡ್ ಬೋಲ್ಟನ್ನು ತೆರೆಯುತ್ತದೆ. ಅಮೆರಿಕದ ಸೇನೆ 1936ರಲ್ಲಿ ಈ ರೈಫಲನ್ನು ಒಪ್ಪಿಕೊಂಡಾಗ ಗ್ಯಾಸನ್ನು ನಳಿಗೆಯ ಬಾಯಿಯ ಮುಂದೆ ಹಿಡಿಯುವ ಏರ್ಪಾಡಿತ್ತು. ಈಗಿನ ರಂಧ್ರ 1940ರ ಸುಧಾರಣೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ ಸಂಗತಿ: ಗುರಿ ನೋಡುವ ಮುಂದಿನ ಸೈಟ್ ಕುಳಿತಿರುವುದು ನಳಿಗೆಯ ಮೇಲಲ್ಲ, ಈ ಗ್ಯಾಸ್ ಸಿಲಿಂಡರ್‌ನ ಮೇಲೆ. ಸಿಲಿಂಡರ್ ಅಲುಗಿದರೆ ಗುರಿಯೂ ಅಲುಗುತ್ತದೆ, ಅದರ ಲಾಕ್ ಸಡಿಲವಾದರೆ ಗ್ಯಾಸೂ ಸೋರುತ್ತದೆ.

ಬಿಚ್ಚುವ ಮೊದಲು ತೋಟಾಗಳನ್ನು ಲೆಕ್ಕಕ್ಕೆ ತೆಗೆದುಕೊಂಡೆ. ಗರಾಂಡ್‌ಗೆ ಹೊಂದುವುದು 150 ಗ್ರೇನ್ (ಸುಮಾರು 9.7 ಗ್ರಾಂ) ಗುಂಡಿನ, ಸೆಕೆಂಡಿಗೆ ಸುಮಾರು 2740 ಅಡಿ ವೇಗದ, ಸೇನೆಯ ಎಂ-2 ಬಾಲ್ ತೋಟಾ. ಬೇಟೆಗೆಂದು ಮಾರುವ ಭಾರದ ಗುಂಡಿನ, ನಿಧಾನವಾಗಿ ಉರಿಯುವ ಮದ್ದಿನ ತೋಟಾಗಳು ರಂಧ್ರದ ಬಳಿ ಹೆಚ್ಚು ಒತ್ತಡ ಉಂಟುಮಾಡಿ ರಾಡನ್ನು ಬಾಗಿಸಬಲ್ಲವು. ಹೀಗಾಗಿ ಪರೀಕ್ಷೆಯುದ್ದಕ್ಕೂ ಎಂ-2 ಮಟ್ಟದ, ಒಂದೇ ಪೆಟ್ಟಿಗೆಯ ತೋಟಾಗಳನ್ನು ಮಾತ್ರ ಬಳಸಿದೆ. ತೋಟಾ ಬದಲಾಗುತ್ತಿದ್ದರೆ ಯಾವ ದೋಷವನ್ನೂ ಹಿಡಿಯಲಾಗುವುದಿಲ್ಲ.

ಬೋಲ್ಟ್ ಖಾಲಿ ಚೇಂಬರ್ ಮೇಲೆ ಮುಚ್ಚಿಕೊಳ್ಳುವುದಕ್ಕೆ ಎರಡು ದಾರಿಗಳಿವೆ. ಬೋಲ್ಟ್ ಸಾಕಷ್ಟು ಹಿಂದೆ ಹೋಗದಿರಬಹುದು. ಅಥವಾ ಬೋಲ್ಟ್ ಪೂರ್ತಿ ಹಿಂದೆ ಹೋದರೂ ತೋಟಾ ಸಕಾಲದಲ್ಲಿ ಮೇಲೇರದಿರಬಹುದು. ಗರಾಂಡ್‌ನಲ್ಲಿ ತೋಟಾಗಳನ್ನು ಮೇಲೆತ್ತುವ ಫಾಲೋಯರ್‌ಗೆ ಬಲ ಕೊಡುವುದೂ ಆಪರೇಟಿಂಗ್ ರಾಡ್‌ನ ಸ್ಪ್ರಿಂಗೇ. ಸ್ಪ್ರಿಂಗ್ ಸೋತರೆ ಬೋಲ್ಟ್ ತೋಟಾವನ್ನು ದಾಟಿ ಮುಂದೆ ಬರುತ್ತದೆ. ಇವೆರಡನ್ನು ಬೇರ್ಪಡಿಸಲು ನಾನು ಗಮನಿಸಿದ್ದು ಖಾಲಿ ತೋಟಾಗಳು ಬಿದ್ದ ಜಾಗ. ಅವು ದೂರ ಚಿಮ್ಮದೆ ನನ್ನ ಮೊಣಕೈ ಪಕ್ಕದಲ್ಲೇ ಉದುರುತ್ತಿದ್ದವು. ಅಂದರೆ ಬೋಲ್ಟಿಗೆ ಹಿಂದೆ ಹೋಗುವ ಬಲವೇ ಸಾಲುತ್ತಿಲ್ಲ. ಹಾಗಿದ್ದೂ ಸ್ಪ್ರಿಂಗನ್ನು ಅಳೆದೆ: ಹೊಸದರ ಉದ್ದ ಸುಮಾರು 20¼ ಅಂಗುಲ, 19ರ ಆಸುಪಾಸಿಗೆ ಇಳಿದರೆ ಬದಲಿಸಬೇಕು. ನನ್ನದು ಚೆನ್ನಾಗಿತ್ತು.

ಬಲ ಸಾಲದಿರುವುದಕ್ಕೆ ಉಜ್ಜಾಟವೂ ಕಾರಣವಾಗಬಹುದು. ಚೇಂಬರ್ ಮತ್ತು ಕ್ಲಿಪ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಸ್ಪ್ರಿಂಗ್ ಇಲ್ಲದೆ ರೈಫಲ್ ಜೋಡಿಸಿ, ಬಾಯಿಯನ್ನು ಮೇಲಕ್ಕೂ ಕೆಳಕ್ಕೂ ಓರೆಮಾಡಿದೆ. ಬೋಲ್ಟ್ ತನ್ನ ಭಾರದಿಂದಲೇ ತೆರೆದು ಮುಚ್ಚಬೇಕು. ನನ್ನ ರೈಫಲ್‌ನಲ್ಲಿ ಒಂದು ಕಡೆ ಸ್ವಲ್ಪ ತಡೆಯುತ್ತಿತ್ತು. ಮರದ ಹಿಡಿಕೆಯ ಒಳಬದಿಯಲ್ಲಿ ರಾಡ್ ಉಜ್ಜಿದ ಹೊಳಪು ಕಾಣಿಸಿತು. ಅಲ್ಲಿ ಮರವನ್ನು ಕೊಂಚ ಹೆರೆದೆ. ರಾಡ್ ಬೋಲ್ಟಿನೊಂದಿಗೆ ಕೂಡುವ ಕಡೆ ಎಣ್ಣೆಯ ಬದಲು ಗ್ರೀಸ್ ಹಚ್ಚಿದೆ. ಸಿಲಿಂಡರ್‌ನ ಒಳಗೆ ಮಾತ್ರ ಏನನ್ನೂ ಹಚ್ಚಬಾರದು, ಅದು ಒಣಗಿರಬೇಕು.

ಇದರಿಂದ ಸುಧಾರಿಸಿತು, ಪೂರ್ತಿ ವಾಸಿಯಾಗಲಿಲ್ಲ. ಆಗ ಸಿಲಿಂಡರ್‌ಗೆ ಬಂದೆ. ಮುಂದಿನ ಸೈಟನ್ನು ಬೆರಳುಗಳಲ್ಲಿ ಹಿಡಿದು ಎಡಬಲ ತಿರುಗಿಸಿದರೆ ಅದು ಕದಲಿತು. ಲಾಕ್‌ನ ಸ್ಕ್ರೂ ಕೂಡ ಬಿಗಿಯಾಗಿರಲಿಲ್ಲ, ಅದರ ಸುತ್ತ ಮಸಿ ಸೋರಿದ ಗುರುತಿತ್ತು. ಪಿಸ್ಟನ್ನನ್ನು ಮೈಕ್ರೋಮೀಟರ್‌ನಲ್ಲಿ ಅಳೆದಾಗ 0.525 ಅಂಗುಲಕ್ಕಿಂತ ಮೇಲಿತ್ತು, ಅಂದರೆ ಸವೆದಿರಲಿಲ್ಲ. ಸಿಲಿಂಡರ್ ಕೂರುವ ಕಡೆ ನಳಿಗೆಯ ಹೊರಮೈಯಲ್ಲಿರುವ ಗೀರುಗಳ ಅಂಚನ್ನು ಸಣ್ಣ ಉಳಿಯಿಂದ ಹಗುರವಾಗಿ ತಟ್ಟಿ ಸ್ವಲ್ಪ ಉಬ್ಬಿಸಿದೆ. ನಂತರ ಸಿಲಿಂಡರ್ ಕೈಯಿಂದ ಜಾರದೆ, ಮರದ ಸುತ್ತಿಗೆಯ ಮೆಲುಪೆಟ್ಟಿಗಷ್ಟೇ ಒಳಸೇರುವಂತಾಯಿತು. ಈ ಕೆಲಸದಲ್ಲಿ ಅವಸರ ಪಡುವವರನ್ನು ನಾನು ಖಂಡಿತ ತಡೆಯುತ್ತೇನೆ; ಒಂದೆರಡು ಏಟು ಹೊಡೆದು, ಹಾಕಿ ನೋಡಿ, ಮತ್ತೆ ಹೊಡೆಯಬೇಕು.

ಎರಡು ದೂರುಗಳೂ ಅಲ್ಲಿಗೇ ಬಹುಪಾಲು ಮುಗಿದವು. ಖಾಲಿ ತೋಟಾಗಳು ದೂರ ಚಿಮ್ಮತೊಡಗಿದವು, ಗುಂಪಿನ ನಡುಬಿಂದು ನಿಂತಲ್ಲೇ ನಿಂತಿತು. ಉಳಿದ ಚದುರುವಿಕೆಗೆ ಕಾರಣ ಹಿಡಿಕೆಯ ಮರ. ಲೋಹದ ಭಾಗವನ್ನು ಮರಕ್ಕೆ ಬಿಗಿಯುವ ಟ್ರಿಗರ್ ಗಾರ್ಡ್ ಮುಚ್ಚುವಾಗ ಕೊನೆಯಲ್ಲಿ ಗಟ್ಟಿಯಾಗಿ ಒತ್ತಬೇಕಾಗುತ್ತದೆ. ನನ್ನದು ಸುಲಭವಾಗಿ ಮುಚ್ಚುತ್ತಿತ್ತು, ಅಂದರೆ ಮರ ಅದುಮಿಹೋಗಿ ಲೋಹದ ಭಾಗ ಒಳಗೆ ಅಲುಗುತ್ತಿತ್ತು. ಹೊಸ ವಾಲ್‌ನಟ್ ಹಿಡಿಕೆ ಹಾಕಿದೆ. ಎಪಾಕ್ಸಿ ತುಂಬಿ ಬಿಗಿಗೊಳಿಸುವ ದಾರಿಯೂ ಉಂಟು, ಆದರೆ ಮೂಲ ರೂಪದ ರೈಫಲ್‌ಗಳಿಗಾಗಿಯೇ 200 ಗಜದಲ್ಲಿ ನಡೆಯುವ ಜಾನ್ ಸಿ. ಗರಾಂಡ್ ಪಂದ್ಯದಲ್ಲಿ ಅದಕ್ಕೆ ಅವಕಾಶವಿಲ್ಲ, ನನಗೆ ಆ ಪಂದ್ಯ ಬೇಕು.

ಹಿಂದಿನ ಸೈಟನ್ನು ಹತ್ತು ಕ್ಲಿಕ್ ಏರಿಸಿ ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನೂ ಮರೆಯಬಾರದು. ಅದು ಕುಸಿದರೆ ಸೈಟಿನ ತಿರುಗುಗುಂಡಿಯ ನಟ್ ಬಿಗಿಮಾಡಬೇಕು. ಒಂದು ಕ್ಲಿಕ್ ಎಂದರೆ 100 ಗಜದಲ್ಲಿ ಸುಮಾರು ಒಂದು ಅಂಗುಲ. ಈಗ ನನ್ನ ಎಂಟು ಗುಂಡುಗಳ ಗುಂಪು ಮೂರೂವರೆ ಅಂಗುಲದ ಆಸುಪಾಸಿನಲ್ಲಿದೆ. ಸೇನೆಯ ಮಟ್ಟದ ತೋಟಾ ಹಾರಿಸುವ ಗರಾಂಡ್‌ನಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸುವುದಿಲ್ಲ.