ಕಾಗದದ ಮೇಲೆ ಕ್ವಿಲ್ಟ್ ತುಂಡು ಹೊಲಿಯುವುದು: ಹಿಂಜರಿಯುವವರಿಗೆ ಒಂದು ಕಲಿಕೆಯ ಕ್ರಮ

ಬಟ್ಟೆಯ ತುಂಡುಗಳನ್ನು ಜೋಡಿಸಿ ಪದರದ ಹೊದಿಕೆ, ಅಂದರೆ ಕ್ವಿಲ್ಟ್ ಹೊಲಿಯುವವರ ನಡುವೆ ಪೇಪರ್ ಪೀಸಿಂಗ್, ಅಂದರೆ ಕಾಗದದ ನೆರವಿನಿಂದ ತುಂಡು ಜೋಡಿಸುವ ಮಾತು ಬಂದರೆ ಒಮ್ಮತ ಇರುವುದಿಲ್ಲ. ಕಾಗದದ ಮೇಲಿನ ಗೆರೆಯ ಉದ್ದಕ್ಕೂ ಮಷಿನ್ ಓಡಿಸಿ, ನಕ್ಷತ್ರದ ಒಂದೊಂದು ತುದಿಯೂ ಚೂಪಾಗಿ ಮೂಡಿದ್ದನ್ನು ಕಂಡವರು ಈ ವಿಧಾನವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಒಂದೇ ಬ್ಲಾಕಿಗಾಗಿ, ಅಂದರೆ ಕ್ವಿಲ್ಟಿನ ಒಂದು ಚೌಕ ಭಾಗಕ್ಕಾಗಿ, ಮತ್ತೆ ಮತ್ತೆ ಹೊಲಿಗೆ ಬಿಚ್ಚಿ, ಕೊನೆಗೆ ಹೊಲಿಗೆಯ ಸಂದಿಯಿಂದ ಕಾಗದದ ಚೂರುಗಳನ್ನು ಹೆಕ್ಕುತ್ತ ಕುಳಿತವರು ಅದರ ಹೆಸರನ್ನೇ ಎತ್ತುವುದಿಲ್ಲ. ಕಲಿಯಬೇಕೆಂಬ ಆಸೆಯೂ ಕಲಿತರೆ ಬಟ್ಟೆ ಹಾಳಾದೀತೆಂಬ ಅಳುಕೂ ಒಟ್ಟಿಗೇ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ವಿಧಾನದ ಬಗೆಗಿನ ದೂರುಗಳಲ್ಲಿ ಹೆಚ್ಚಿನವು ಕೌಶಲದ ಕೊರತೆಯಿಂದ ಹುಟ್ಟುವುದಿಲ್ಲ, ಕೆಲಸದ ಕ್ರಮ ಹಿಂದುಮುಂದಾಗುವುದರಿಂದ ಹುಟ್ಟುತ್ತವೆ ಎಂಬುದು ನನ್ನ ನಂಬಿಕೆ. ಕ್ರಮ ಸರಿಪಡಿಸಿದರೂ ಹೋಗದ ಒಂದೆರಡು ತೊಂದರೆಗಳಿವೆ. ಅವನ್ನೂ ಮುಚ್ಚಿಡದೆ ಹೇಳುತ್ತೇನೆ.

ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ಬೆರೆತುಹೋಗಿರುವುದರಿಂದ ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ಇಂಗ್ಲಿಷ್ ಪೇಪರ್ ಪೀಸಿಂಗ್ ಎಂಬುದು ಕೈಹೊಲಿಗೆಯ ಕೆಲಸ: ಷಟ್ಕೋನದಂತಹ ಆಕಾರಗಳನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಬಟ್ಟೆಯನ್ನು ಅದರ ಅಂಚಿಗೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಎರಡು ತುಂಡುಗಳ ಅಂಚುಗಳನ್ನು ಒತ್ತೊತ್ತಾದ ಸಣ್ಣ ಸುತ್ತುಹೊಲಿಗೆಯಿಂದ ಸೇರಿಸುತ್ತ ಹೋಗುವುದು. ಇದು ಬಹಳ ಹಳೆಯದು. 1718ರ ಇಸವಿಯನ್ನು ತನ್ನ ಮೈಮೇಲೆಯೇ ಹೊತ್ತಿರುವ, ಹೀಗೆ ಕಾಗದ ಬಳಸಿ ಹೊಲಿದ ರೇಷ್ಮೆಯ ಹೊದಿಕೆಯೊಂದು ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಸಂಗ್ರಹದಲ್ಲಿದೆ. ಇನ್ನೊಂದು, ಫೌಂಡೇಶನ್ ಪೇಪರ್ ಪೀಸಿಂಗ್. ಇದರಲ್ಲಿ ಇಡೀ ಬ್ಲಾಕಿನ ನಕ್ಷೆ ತೆಳುಕಾಗದದ ಮೇಲಿರುತ್ತದೆ, ಬಟ್ಟೆ ಕಾಗದದ ಹಿಂಬದಿಗಿರುತ್ತದೆ, ಹೊಲಿಗೆಯನ್ನು ಮುಂಬದಿಯ ಗೆರೆಯ ಮೇಲೆ ಮಷಿನ್ನಿನಲ್ಲಿ ಹಾಕಲಾಗುತ್ತದೆ. ಜನ ಒಲಿಯುವುದೂ ಮುನಿಯುವುದೂ ಹೆಚ್ಚಾಗಿ ಈ ಎರಡನೆಯದರ ಮೇಲೆ. ಮುಂದಿನ ಮಾತೆಲ್ಲ ಇದಕ್ಕೇ ಸಂಬಂಧಿಸಿದ್ದು.

ಯಾವುದಕ್ಕೆ ಇದು ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ಬೇಸರ ತಪ್ಪುತ್ತದೆ. ಚೌಕ, ಪಟ್ಟಿ, ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿದ ತ್ರಿಕೋನ, ಇವುಗಳನ್ನು ಕಾಗದವಿಲ್ಲದೆ ಹೊಲಿಯುವುದೇ ಲೇಸು. ಅವಕ್ಕೆ ಕಾಗದ ಹಾಕುವುದು ಸಮಯವನ್ನೂ ಬಟ್ಟೆಯನ್ನೂ ಕಳೆದುಕೊಂಡಂತೆ. ಮ್ಯಾರಿನರ್ಸ್ ಕಂಪಾಸ್ ಮಾದರಿಯಲ್ಲಿ ಸುತ್ತಲೂ ಚಾಚಿರುವ ಕಿರಿದಾದ ಕಿರಣಗಳು, ನ್ಯೂಯಾರ್ಕ್ ಬ್ಯೂಟಿಯ ಕಮಾನಿನ ಮೇಲಿನ ಹಲ್ಲುಗಳು, ಅಂಗೈಯಗಲದ ಬ್ಲಾಕಿನಲ್ಲಿ ಮೂಡಬೇಕಾದ ಹಕ್ಕಿ ಅಥವಾ ಅಕ್ಷರ, ಇಂಥವಕ್ಕೆ ಮಾತ್ರ ಕಾಗದ ನಿಜವಾಗಿ ದುಡಿಯುತ್ತದೆ. ಓರೆಯಾಗಿ, ಅಂದರೆ ಕ್ರಾಸ್ ಆಗಿ ಕತ್ತರಿಸಿದ ಬಟ್ಟೆ ಹೊಲಿಯುವಾಗ ಜಗ್ಗುತ್ತದೆ. ಕಾಗದಕ್ಕೆ ಅಂಟಿಕೊಂಡಿರುವ ಬಟ್ಟೆಗೆ ಜಗ್ಗಲು ಆಸ್ಪದವಿಲ್ಲ. ತುದಿಗಳು ಚೂಪಾಗಿ ಉಳಿಯಲು ಇದೇ ಕಾರಣ.

ಕಾಗದದ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮಲ್ಲಿ ಸಿಗುವ ಸಾಮಾನ್ಯ ಜೆರಾಕ್ಸ್ ಕಾಗದ 70ರಿಂದ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಗುತ್ತದೆ. ಅದರಲ್ಲಿ ಕೆಲಸವಾಗುತ್ತದೆ, ಆದರೆ ಕೀಳುವಾಗ ಹೊಲಿಗೆಯನ್ನೂ ಎಳೆಯುತ್ತದೆ. 60 ಜಿಎಸ್‌ಎಂ ಅಥವಾ ಅದಕ್ಕಿಂತ ತೆಳುವಾದ ಕಾಗದ ಸಿಕ್ಕರೆ ಉತ್ತಮ. ನಕ್ಷೆಯನ್ನು ಕೈಯಲ್ಲಿ ಬರೆದುಕೊಳ್ಳುವವರಿಗೆ ಟ್ರೇಸಿಂಗ್ ಪೇಪರ್ ಚೆನ್ನಾಗಿ ಒಗ್ಗುತ್ತದೆ. ಪ್ರಿಂಟ್ ತೆಗೆಯುವವರು ಒಂದು ವಿಷಯವನ್ನು ಮರೆಯಬಾರದು. ಅಮೆರಿಕದ ನಕ್ಷೆಗಳು ಸಾಮಾನ್ಯವಾಗಿ ಲೆಟರ್ ಅಳತೆಯ ಹಾಳೆಗೆ, ಅಂದರೆ ಎಂಟೂವರೆ ಇಂಚು ಅಗಲ, 11 ಇಂಚು ಉದ್ದಕ್ಕೆ ಸಿದ್ಧವಾಗಿರುತ್ತವೆ. ನಮ್ಮ ಎ4 ಹಾಳೆಯ ಅಗಲ 8.27 ಇಂಚು ಮಾತ್ರ. ಹಾಳೆಗೆ ಹೊಂದಿಸುವ ಆಯ್ಕೆಯನ್ನು ಕಂಪ್ಯೂಟರ್ ತಾನಾಗಿಯೇ ಹಾಕಿಕೊಂಡಿದ್ದರೆ ನಕ್ಷೆ ಸದ್ದಿಲ್ಲದೆ ಚಿಕ್ಕದಾಗುತ್ತದೆ, ಬ್ಲಾಕುಗಳನ್ನು ಜೋಡಿಸುವ ದಿನ ಅದು ಗೊತ್ತಾಗುತ್ತದೆ. ಅಳತೆಯನ್ನು ನೂರು ಶೇಕಡಾ ಎಂದು ಇಟ್ಟು ಮೊದಲು ಒಂದೇ ಹಾಳೆ ತೆಗೆದು, ನಕ್ಷೆಯಲ್ಲಿ ಕೊಟ್ಟಿರುವ ಒಂದಿಂಚಿನ ಚೌಕವನ್ನು ಸ್ಕೇಲಿನಿಂದ ಅಳೆದು ನೋಡಿ.

ಮಷಿನ್ನಿಗೆ 14ನೇ ನಂಬರ್ ಸೂಜಿ ಹಾಕಿ. ಅದು ಕಾಗದದಲ್ಲಿ ಸ್ವಲ್ಪ ದೊಡ್ಡ ತೂತು ಮಾಡುವುದರಿಂದ ಕಾಗದ ಸುಲಭವಾಗಿ ಹರಿಯುತ್ತದೆ. ಹೊಲಿಗೆಯ ಉದ್ದವನ್ನು ಒಂದೂವರೆ ಮಿಲಿಮೀಟರಿಗೆ ಇಳಿಸಿ. ಸಾಮಾನ್ಯವಾದ ಎರಡೂವರೆ ಮಿಲಿಮೀಟರಿನ ಹೊಲಿಗೆಯಲ್ಲಿ ಇಂಚಿಗೆ 10 ಟಾಕು ಬಿದ್ದರೆ ಇಲ್ಲಿ 17ರಷ್ಟು ಬೀಳುತ್ತವೆ. ಉದ್ದ ಎಷ್ಟೆಂದು ತೋರಿಸದ ಹಳೆಯ ಮಷಿನ್ ಇದ್ದವರು ಚಿಂದಿಯ ಮೇಲೆ ಹೊಲಿದು, ಒಂದಿಂಚಿನಲ್ಲಿ ಬಿದ್ದ ಟಾಕುಗಳನ್ನು ಎಣಿಸಿ ಹೊಂದಿಸಿಕೊಳ್ಳಬಹುದು. ಇದಕ್ಕಿಂತಲೂ ಸಣ್ಣ ಟಾಕು ಬೇಡ, ತಪ್ಪಿದಾಗ ಬಿಚ್ಚುವುದು ದುಸ್ತರವಾಗುತ್ತದೆ ಮತ್ತು ಕಾಗದ ಅವಧಿಗೆ ಮುಂಚೆಯೇ ಹರಿದು ಕೈಗೆ ಬರುತ್ತದೆ. ಇನ್ನುಳಿದಂತೆ ಸ್ಕೇಲು, ಒಂದು ಗಟ್ಟಿ ಪೋಸ್ಟ್‌ಕಾರ್ಡು, ಕತ್ತರಿ ಅಥವಾ ರೋಟರಿ ಕಟರ್, ಗುಂಡುಪಿನ್ನು, ಇಸ್ತ್ರಿಪೆಟ್ಟಿಗೆ ಸಾಕು. ಇಸ್ತ್ರಿಗೆ ಹಬೆ ಬಳಸಬೇಡಿ. ಕಾಗದ ಸುಕ್ಕುಗಟ್ಟುತ್ತದೆ, ಇಂಕ್‌ಜೆಟ್ ಶಾಯಿ ಬಟ್ಟೆಗೆ ಹರಡುತ್ತದೆ.

ಕಲಿಯಲು ಫ್ಲೈಯಿಂಗ್ ಗೀಸ್ ಎಂಬ ಘಟಕವನ್ನು ಆರಿಸಿಕೊಳ್ಳಿ. ಇದನ್ನು ಕಾಗದವಿಲ್ಲದೆಯೂ ಹೊಲಿಯಬಹುದು ನಿಜ, ಆದರೆ ಮೂರೇ ತುಂಡು, ಎರಡೇ ಹೊಲಿಗೆ ಇರುವುದರಿಂದ ಕೈಗೆ ಕ್ರಮ ಹತ್ತಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಾಗದದ ಮೇಲೆ ನಾಲ್ಕು ಇಂಚು ಅಗಲ, ಎರಡು ಇಂಚು ಎತ್ತರದ ಆಯತ ಬರೆಯಿರಿ. ಮೇಲಿನ ಗೆರೆಯ ನಡುಬಿಂದುವಿನಿಂದ ಕೆಳಗಿನ ಎರಡು ಮೂಲೆಗಳಿಗೆ ಗೆರೆ ಎಳೆಯಿರಿ. ನಡುವಿನ ದೊಡ್ಡ ತ್ರಿಕೋನಕ್ಕೆ 1, ಪಕ್ಕದ ಎರಡಕ್ಕೆ 2 ಮತ್ತು 3 ಎಂದು ನಮೂದಿಸಿ. ಆಯತದ ಸುತ್ತ ಕಾಲಿಂಚು ಬಿಟ್ಟು ಚುಕ್ಕೆಗೆರೆಯೊಂದನ್ನು ಎಳೆದು, ಅದರ ಹೊರಗೂ ಸ್ವಲ್ಪ ಕಾಗದ ಉಳಿಯುವಂತೆ ಕತ್ತರಿಸಿ. ಬಟ್ಟೆಯಲ್ಲಿ ಒಂದನೇ ತುಂಡಿಗೆ ಮೂರು ಇಂಚು ಎತ್ತರ, ಐದೂವರೆ ಇಂಚು ಉದ್ದದ ಪಟ್ಟಿಯನ್ನೂ, ಮಿಕ್ಕೆರಡಕ್ಕೆ ಮೂರೂವರೆ ಇಂಚಿನ ಒಂದು ಚೌಕವನ್ನು ಮೂಲೆಗೆ ಸೀಳಿದ ಎರಡು ತ್ರಿಕೋನಗಳನ್ನೂ ಸಿದ್ಧಮಾಡಿಕೊಳ್ಳಿ. ಹೀಗೆ ಕತ್ತರಿಸಿದರೆ ಘಟಕದ ಹೊರ ಅಂಚುಗಳಿಗೆಲ್ಲ ನೇರ ನೂಲು ಬರುತ್ತದೆ, ಜಗ್ಗುವ ಓರೆ ಅಂಚು ಒಳಗಿನ ಹೊಲಿಗೆಯಲ್ಲಿ ಸೇರಿಹೋಗುತ್ತದೆ.

ಈಗ ಮನಸ್ಸಿಟ್ಟು ಮಾಡಬೇಕಾದ ಭಾಗ. ಒಂದನೇ ಪಟ್ಟಿಯ ಉಲ್ಟಾ ಬದಿ ಕಾಗದದ ಖಾಲಿ ಬದಿಗೆ ತಾಗುವಂತೆ, ಸೀದಾ ಬದಿ ನಿಮ್ಮ ಕಡೆಗೆ ಕಾಣುವಂತೆ ಇಡಿ. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದನೇ ತ್ರಿಕೋನದ ಎಲ್ಲ ಗೆರೆಗಳ ಹೊರಗೂ ಕಾಲಿಂಚಾದರೂ ಬಟ್ಟೆ ಚಾಚಿದೆಯೇ ಎಂದು ನೋಡಿ ಪಿನ್ನು ಚುಚ್ಚಿ. ಕಾಗದವನ್ನು ನಕ್ಷೆಯ ಬದಿ ಮೇಲಾಗಿ ಮೇಜಿನ ಮೇಲಿಟ್ಟು, 1 ಮತ್ತು 2ರ ನಡುವಿನ ಗೆರೆಗೆ ಪೋಸ್ಟ್‌ಕಾರ್ಡಿನ ಅಂಚನ್ನು ಹೊಂದಿಸಿ, ಕಾಗದವನ್ನಷ್ಟೇ ಅದರ ಮೇಲೆ ಹಿಂದಕ್ಕೆ ಮಡಚಿ. ಮಡಿಕೆಯ ಆಚೆಗೆ ಬಟ್ಟೆ ಇಣುಕುತ್ತದೆ. ಮಡಿಕೆಯಿಂದ ಸರಿಯಾಗಿ ಕಾಲಿಂಚು ಬಿಟ್ಟು ಆ ಬಟ್ಟೆಯನ್ನು ನೇರವಾಗಿ ಕತ್ತರಿಸಿ. ಬೇಸತ್ತು ಕೈಬಿಟ್ಟವರಲ್ಲಿ ಅನೇಕರು ಈ ಹಂತವನ್ನು ಮಾಡುವುದೇ ಇಲ್ಲ, ಅಥವಾ ಹೊಲಿದಾದ ಮೇಲೆ ಕತ್ತರಿಸುತ್ತಾರೆ. ಮೊದಲೇ ಕತ್ತರಿಸಿದರೆ ಎರಡನೇ ತುಂಡನ್ನು ಎಲ್ಲಿ ಇಡಬೇಕೆಂಬುದು ಊಹೆಯ ವಿಷಯವಾಗಿ ಉಳಿಯುವುದಿಲ್ಲ: ಕಾಗದದ ಮಡಿಕೆಯನ್ನು ಬಿಡಿಸಿ, ತಿರುವಿ ಹಾಕಿ, ಎರಡನೇ ತ್ರಿಕೋನದ ಉದ್ದನೆಯ ಅಂಚನ್ನು ಆ ಕತ್ತರಿಸಿದ ಅಂಚಿಗೆ ಸರಿಯಾಗಿ ಕೂಡಿಸಿ, ಸೀದಾ ಬದಿಗೆ ಸೀದಾ ಬದಿ ತಾಗುವಂತೆ ಇಟ್ಟರೆ ಸಾಕು.

ಹೊಲಿಯುವ ಮೊದಲು, ಗೆರೆಯ ಮೇಲೆ ಪಿನ್ನು ಚುಚ್ಚಿ, ಎರಡನೇ ತುಂಡನ್ನು ಮಗುಚಿ ತೆರೆದು ಮತ್ತೊಮ್ಮೆ ಬೆಳಕಿಗೆ ಹಿಡಿಯಿರಿ. ಅದು 2 ಎಂದು ಬರೆದ ಜಾಗವನ್ನೂ ಅದರ ಸುತ್ತಲಿನ ಕಾಲಿಂಚನ್ನೂ ಮುಚ್ಚಿದೆ ಎಂದಾದರೆ ಹೊಲಿಯಿರಿ, ಇಲ್ಲವಾದರೆ ಪಿನ್ನು ತೆಗೆದು ಸರಿಸಿ. ನಕ್ಷೆಯ ಬದಿ ಮೇಲಿರಲಿ, ಗೆರೆ ಆರಂಭವಾಗುವುದಕ್ಕೆ ಎರಡು ಮೂರು ಟಾಕು ಮುಂಚೆ ತೊಡಗಿ, ಗೆರೆ ಮುಗಿದ ಮೇಲೂ ಅಷ್ಟೇ ಮುಂದಕ್ಕೆ ಹೋಗಿ ನಿಲ್ಲಿಸಿ. ತುಂಡನ್ನು ತೆರೆದು ಬಟ್ಟೆಯ ಬದಿಯಿಂದ ಇಸ್ತ್ರಿ ಮಾಡಿ. ಹೊಲಿಗೆಯ ಬುಡದಲ್ಲಿ ಸಣ್ಣ ಮಡಿಕೆಯೂ ಉಳಿಯಬಾರದು, ಉಳಿದರೆ ಮುಂದಿನ ಅಳತೆಯೆಲ್ಲ ಅಷ್ಟರಮಟ್ಟಿಗೆ ತಪ್ಪುತ್ತದೆ. 1 ಮತ್ತು 3ರ ನಡುವಿನ ಗೆರೆಗೂ ಇದೇ ಕ್ರಮ. ಅಲ್ಲಿ ಕಾಗದ ಮಡಚುವಾಗ ಮೊದಲ ಹೊಲಿಗೆಯ ಹೆಚ್ಚುವರಿ ಟಾಕುಗಳು ಹಿಡಿದುಕೊಳ್ಳುತ್ತವೆ. ಅಷ್ಟು ಭಾಗದಲ್ಲಿ ಕಾಗದವನ್ನು ಮೆಲ್ಲಗೆ ಟಾಕಿನಿಂದ ಬಿಡಿಸಿಕೊಂಡರೆ ಏನೂ ಕೆಡುವುದಿಲ್ಲ. ಕೊನೆಗೆ ಚುಕ್ಕೆಗೆರೆಯ ಮೇಲೆ ಕಾಗದ, ಬಟ್ಟೆ ಎರಡನ್ನೂ ಒಟ್ಟಿಗೆ ಕತ್ತರಿಸಿ. ನಾಲ್ಕೂವರೆ ಇಂಚು ಅಗಲ, ಎರಡೂವರೆ ಇಂಚು ಎತ್ತರದ ಘಟಕ ನಿಮ್ಮ ಕೈಯಲ್ಲಿರುತ್ತದೆ, ತ್ರಿಕೋನದ ತುದಿ ಮೇಲಂಚಿನಿಂದ ಕಾಲಿಂಚು ಕೆಳಗಿರುತ್ತದೆ. ಒಂದು ಘಟಕವನ್ನು ಇನ್ನೊಂದಕ್ಕೆ ಸೇರಿಸುವಾಗ ಹೊಲಿಗೆ ಆ ತುದಿಗಿಂತ ಒಂದು ನೂಲೆಳೆಯಷ್ಟು ಮೇಲೆ ಹಾದುಹೋದರೆ ತುದಿ ಮೊಂಡಾಗುವುದಿಲ್ಲ.

ಬಟ್ಟೆ ಹಿಂಬದಿಗಿರುವುದರಿಂದ ಸಿದ್ಧವಾದ ಬ್ಲಾಕು ನಕ್ಷೆಗೆ ಕನ್ನಡಿಯ ಪ್ರತಿಬಿಂಬವಾಗಿ ಬರುತ್ತದೆ. ಮೇಲಿನ ಘಟಕದಲ್ಲಿ ಎಡಬಲ ಒಂದೇ ಆದ್ದರಿಂದ ಅದು ಗೊತ್ತಾಗುವುದಿಲ್ಲ, ಅಕ್ಷರವನ್ನೋ ಒಂದೇ ಕಡೆ ಮುಖಮಾಡಿದ ಹಕ್ಕಿಯನ್ನೋ ಹೊಲಿಯುವಾಗ ಗೊತ್ತಾಗುತ್ತದೆ. ನಕ್ಷೆಯ ಪ್ರತಿ ಭಾಗದ ಮೇಲೂ ಬಣ್ಣದ ಹೆಸರನ್ನು ಬರೆದಿಟ್ಟುಕೊಳ್ಳುವುದು ಇಲ್ಲಿ ಬಹಳ ನೆರವಾಗುತ್ತದೆ.

ಬಟ್ಟೆ ಪೋಲಾಗುತ್ತದೆ ಎಂಬ ದೂರು ಸುಳ್ಳಲ್ಲ. ಹಳೆಯ ಸೀರೆ, ಪಂಚೆಗಳನ್ನು ಪದರವಾಗಿ ಹಾಸಿ ಕೌದಿ ಹೊಲಿಯುವ ಮನೆಗಳಲ್ಲಿ ಬೆಳೆದವರಿಗೆ, ಬೆರಳಗಲದ ಚೂರನ್ನೂ ಎತ್ತಿಡುವವರಿಗೆ, ಪ್ರತಿ ತುಂಡನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕತ್ತರಿಸಿ ಅಂಚನ್ನು ಎಸೆಯುವುದು ಸಹ್ಯವಾಗುವುದಿಲ್ಲ. ಆ ಅಸಮಾಧಾನವನ್ನು ನಾನು ಗೌರವಿಸುತ್ತೇನೆ. ಪ್ರತಿ ಭಾಗವನ್ನು ಸ್ಕೇಲಿನಿಂದ ಅಳೆದು ಸುತ್ತಲೂ ಅರ್ಧ ಇಂಚು ಮಾತ್ರ ಹೆಚ್ಚು ಬಿಟ್ಟು ಮೊದಲೇ ಕತ್ತರಿಸಿಟ್ಟುಕೊಂಡರೆ ಪೋಲು ಬಹಳಷ್ಟು ಇಳಿಯುತ್ತದೆ. ಜೊತೆಗೆ ಈ ವಿಧಾನಕ್ಕೆ ತುಂಡಿನ ಆಕಾರ ಮುಖ್ಯವಲ್ಲ, ಜಾಗ ಮುಚ್ಚಿದರೆ ಸಾಕು. ಟೈಲರ್ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಅಡ್ಡಾದಿಡ್ಡಿ ಚೂರುಗಳು ಇಲ್ಲಿ ಸದುಪಯೋಗವಾಗುತ್ತವೆ.

ಕಾಗದವನ್ನು ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಖಚಿತ: ಬ್ಲಾಕಿನ ನಾಲ್ಕೂ ಬದಿ ಅಕ್ಕಪಕ್ಕದವುಗಳೊಂದಿಗೆ ಹೊಲಿದಾದ ಮೇಲೆ. ಅಲ್ಲಿಯವರೆಗೆ ಕಾಗದವೇ ಅಳತೆಯನ್ನು ಕಾಯುತ್ತದೆ. ತೆಗೆಯುವಾಗ ಹೊಲಿಗೆಯ ಉದ್ದಕ್ಕೂ ಒಮ್ಮೆ ಮಡಚಿ, ಟಾಕುಗಳ ಮೇಲೆ ಹೆಬ್ಬೆರಳನ್ನು ಒತ್ತಿಹಿಡಿದು, ಕೊನೆಯಲ್ಲಿ ಸೇರಿಸಿದ ತುಂಡಿನಿಂದ ಮೊದಲನೆಯದರ ಕಡೆಗೆ ಬನ್ನಿ. ಸಂದಿಯಲ್ಲಿ ಸಿಕ್ಕಿದ ಚೂರುಗಳಿಗೆ ಚಿಮಟ ಬೇಕಾಗುತ್ತದೆ. ಹರಿಯುವ ಕೆಲಸವೇ ಬೇಡವೆನ್ನುವವರು ಕಾಗದವನ್ನು ಗೆರೆಗೆ ಮಡಚಿಟ್ಟು, ಮಡಿಕೆಗೆ ತಾಗಿಯೂ ತಾಗದಂತೆ ಬಟ್ಟೆಯ ಮೇಲಷ್ಟೇ ಹೊಲಿಯಬಹುದು. ಆಗ ಕಾಗದದಲ್ಲಿ ತೂತು ಬೀಳುವುದಿಲ್ಲ, ಅದೇ ನಕ್ಷೆ ಇನ್ನೊಂದು ಬ್ಲಾಕಿಗೂ ಬರುತ್ತದೆ. ಬಟ್ಟೆ ಅಲುಗದಂತೆ ಅಂಟುಕಡ್ಡಿಯಿಂದ ಅಲ್ಲಲ್ಲಿ ತೆಳುವಾಗಿ ಅಂಟಿಸಿಕೊಳ್ಳಬೇಕು, ಕೈ ನಿಧಾನವಾಗಿರಬೇಕು.

ಕ್ರಮದಿಂದ ಬಗೆಹರಿಯದ ತೊಂದರೆ ದಪ್ಪದ್ದು. ಹೊಲಿಗೆಯ ಅಂಚು ಯಾವ ಕಡೆಗೆ ಮಲಗಬೇಕೆಂದು ನಾವು ಆರಿಸುವಂತಿಲ್ಲ, ಅದು ಯಾವಾಗಲೂ ಹೊಸ ತುಂಡಿನ ಕಡೆಗೇ ಮಲಗುತ್ತದೆ. ಹಲವು ತುದಿಗಳು ಒಂದೆಡೆ ಕೂಡುವ ನಕ್ಷತ್ರದ ನಡುವಿನಲ್ಲಿ ಬಟ್ಟೆ ಗಂಟಿನಂತೆ ಉಬ್ಬುತ್ತದೆ. ಮಷಿನ್ನಿನಲ್ಲಿ ಕ್ವಿಲ್ಟಿಂಗ್, ಅಂದರೆ ಪದರಗಳನ್ನು ಸೇರಿಸುವ ಹೊಲಿಗೆ, ಮಾಡುವವರು ಹೇಗೋ ದಾಟುತ್ತಾರೆ, ಕೈಹೊಲಿಗೆಯವರಿಗೆ ಸೂಜಿ ಇಳಿಸುವುದೇ ಕಷ್ಟ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರು ತಮ್ಮ ಕೌದಿಯಾದ ಕವಂದಿಯನ್ನು ಅಂಚಿನಿಂದ ತೊಡಗಿ ಸುತ್ತುತ್ತ ನಡುವಿಗೆ ಬರುವಂತೆ ಕೈಯಲ್ಲೇ ಹೊಲಿಯುತ್ತಾರೆ. ತುಂಡು ಇಡುವುದೂ ಪದರಗಳನ್ನು ಹಿಡಿಸುವುದೂ ಅಲ್ಲಿ ಒಂದೇ ಟಾಕಿನಲ್ಲಿ ನಡೆಯುತ್ತದೆ, ಕಾಗದವೂ ಇಲ್ಲ, ನಕ್ಷೆಯೂ ಇಲ್ಲ. ಅಂತಹ ಕೈಯಳತೆ ಇರುವವರು ಪೇಪರ್ ಪೀಸಿಂಗ್ ಕಲಿಯದಿದ್ದರೆ ಅವರ ಕಸುಬಿಗೆ ಯಾವ ಕೊರತೆಯೂ ಇಲ್ಲ. ಕಲಿತು, ಕೈಯಲ್ಲೇ ಕ್ವಿಲ್ಟಿಂಗ್ ಮಾಡಬಯಸುವವರು ಕಾಗದದ ಬ್ಲಾಕುಗಳ ನಡುವೆ ಒಂದೊಂದು ಸಾದಾ ಬಟ್ಟೆಯ ಚೌಕವನ್ನು ಇಟ್ಟು, ಕುಸುರಿಯ ಹೊಲಿಗೆಯನ್ನೆಲ್ಲ ಆ ಚೌಕಗಳಲ್ಲಿ ಮಾಡುವುದು ಒಳ್ಳೆಯದು. ಬ್ಲಾಕಿನ ಹಿಂಬದಿಯಲ್ಲಿ ಹೊಲಿಗೆಯ ಅಂಚುಗಳನ್ನು ಕಾಲಿಂಚಿಗಿಂತ ಹೆಚ್ಚು ಉಳಿಸಬೇಡಿ.

ಒಂದು ಅಥವಾ ಎರಡು ಘಟಕ ಮುಗಿಸಿ ತೀರ್ಪು ಕೊಡಬೇಡಿ. ಅದೇ ಘಟಕವನ್ನು ಒಂದು ಸಾಲಾಗುವಷ್ಟು ಹೊಲಿಯಿರಿ, ಆಮೇಲೆ ಎಂಟು ಮೊನೆಯ ನಕ್ಷತ್ರವೊಂದನ್ನು ತೆಗೆದುಕೊಳ್ಳಿ. ಅದಾದ ಮೇಲೂ ಮನಸ್ಸು ಒಪ್ಪದಿದ್ದರೆ ಬಿಡಬಹುದು. ಪ್ರತಿ ಸಲ ಕೆಲಸ ಮುಗಿದಾಗ ಬಾಬಿನ್ ಗೂಡಿನಲ್ಲಿ ಸೇರಿದ ಕಾಗದದ ಧೂಳನ್ನು ಕುಂಚದಿಂದ ತೆಗೆದು, ಸೂಜಿಯನ್ನು ಬಿಚ್ಚಿ ಪೇಪರ್ ಪೀಸಿಂಗಿಗೆಂದೇ ಬೇರೆಯಾಗಿ ಎತ್ತಿಡಿ. ಕಾಗದ ಹೊಲಿದ ಸೂಜಿಯ ಮೊನೆ ಬೇಗ ಮೊಂಡಾಗಿರುತ್ತದೆ, ಅದೇ ಸೂಜಿಯಲ್ಲಿ ರವಿಕೆ ಹೊಲಿದರೆ ಬಟ್ಟೆಯ ನೂಲು ಕೀಳುತ್ತದೆ.