4ಕೆ ಸ್ಕ್ರೀನ್ ರೆಕಾರ್ಡಿಂಗ್‌ಗೆ ಮಷೀನ್ ಜೋಡಿಸಿದ್ದು: ಎಲ್ಲಿ ದುಡ್ಡು ಹಾಕಿದೆ, ಎಲ್ಲಿ ಉಳಿಸಿದೆ

ಬೇಕಾಗಿದ್ದದ್ದು ಇಷ್ಟೇ: ಸಾಫ್ಟ್‌ವೇರ್ ಪಾಠಗಳಿಗಾಗಿ ಇಡೀ ಪರದೆಯನ್ನು 4ಕೆಯಲ್ಲಿ, ಸೆಕೆಂಡಿಗೆ 60 ಫ್ರೇಮಿನಂತೆ, ಎಲ್ಲೂ ತಡವರಿಸದ ಹಾಗೆ ಹಿಡಿಯುವುದು. ಅಂಗಡಿಗೆ ಹೋಗುವ ಮುಂಚೆ ಒಂದು ಲೆಕ್ಕ ಹಾಕಿಕೊಂಡೆ. 3840×2160 ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕರಷ್ಟು. ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 2 ಜಿಬಿ ಕಚ್ಚಾ ಮಾಲು. ಪ್ರತಿ ಫ್ರೇಮಿಗೂ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರೊಳಗೆ ಚಿತ್ರ ಎತ್ತಿಕೊಂಡು, ಬಣ್ಣದ ನಮೂನೆ ಬದಲಿಸಿ, ಕುಗ್ಗಿಸಿ ಮುಗಿಸಬೇಕು. ತಡವಾದರೆ ಹಿಂದಿನ ಫ್ರೇಮೇ ಮತ್ತೊಮ್ಮೆ ಬಂದು ಕೂರುತ್ತದೆ, ಸ್ಕ್ರೋಲ್ ಮಾಡುವಾಗ ಪುಟ ಕುಪ್ಪಳಿಸಿದ ಹಾಗೆ ಕಾಣುತ್ತದೆ.

ಈ ಕುಗ್ಗಿಸುವ ಕೆಲಸವನ್ನು ಪ್ರೊಸೆಸರ್ ಮೇಲೆ ಹೇರಬಾರದು. ಓಬಿಎಸ್‌ನಲ್ಲಿ (ಪರದೆ ರೆಕಾರ್ಡ್ ಮಾಡುವ ಉಚಿತ ಪ್ರೋಗ್ರಾಂ) ಎಕ್ಸ್264 (ಪ್ರೊಸೆಸರಿನಿಂದಲೇ ಕುಗ್ಗಿಸುವ ಬಗೆ) ಆರಿಸಿ 4ಕೆ 60ಕ್ಕೆ ಬಿಟ್ಟರೆ 6 ಕೋರಿನ ಪ್ರೊಸೆಸರ್‌ನ ಬಹುಪಾಲು ಶಕ್ತಿ ಅದಕ್ಕೇ ಹೋಗುತ್ತದೆ, ನೀವು ತೋರಿಸಬೇಕೆಂದಿದ್ದ ಪ್ರೋಗ್ರಾಂ ತೆವಳುತ್ತದೆ. ಇದೇ ಕೆಲಸಕ್ಕೆಂದು ಚಿಪ್ಪಿನೊಳಗೆ ಪ್ರತ್ಯೇಕ ಎನ್‌ಕೋಡರ್ ಇರುತ್ತದೆ. ಎನ್‌ವಿಡಿಯಾದಲ್ಲಿ ಅದರ ಹೆಸರು ಎನ್‌ವೆಂಕ್, ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್ (2011ರಿಂದ ಇದೆ). ಹಾಗಾಗಿ ನಾನು ಕೇಳಿದ ಮೊದಲ ಪ್ರಶ್ನೆ ‘ಎಷ್ಟು ಗಿಗಾಹರ್ಟ್ಸ್’ ಅಲ್ಲ, ‘ಎನ್‌ಕೋಡರ್ ಇದೆಯಾ’.

ಇದೆಯೆಂದು ಅಂದುಕೊಂಡು ಜನ ಮೋಸ ಹೋಗುವುದು ಇಲ್ಲೇ. ಜಿಟಿ 1030 ಕಾರ್ಡಿನಲ್ಲಿ ಎನ್‌ವೆಂಕ್ ಇಲ್ಲ. ಲ್ಯಾಪ್‌ಟಾಪಿನ ಎಂಎಕ್ಸ್150, ಎಂಎಕ್ಸ್250ರಲ್ಲೂ ಇಲ್ಲ. ಎಎಮ್‌ಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಆಟಕ್ಕೆ ಪರವಾಗಿಲ್ಲ, ಆದರೆ ಅವೆರಡರಲ್ಲೂ ವಿಡಿಯೊ ಎನ್‌ಕೋಡರನ್ನೇ ತೆಗೆದುಹಾಕಿದ್ದಾರೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಯ ಅಕ್ಷರ ನೋಡಬೇಕು: ಐ5-12400ರಲ್ಲಿ ಗ್ರಾಫಿಕ್ಸ್ ಇದೆ, ಕ್ವಿಕ್ ಸಿಂಕ್ ಇದೆ. 12400ಎಫ್‌ನಲ್ಲಿ ಎರಡೂ ಇಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗುವವರು ಚೀಟಿಯಲ್ಲಿ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡೇ ಹೋಗಿ. ಬಿಲ್ಲಿನಲ್ಲಿ ಆ ಒಂದು ಅಕ್ಷರ ಇದೆಯೋ ಇಲ್ಲವೋ ಅಂತ ದುಡ್ಡು ಕೊಡುವ ಮುಂಚೆ ನೋಡಿ, ಮನೆಗೆ ಬಂದ ಮೇಲಲ್ಲ.

ನಾನು ತೆಗೆದುಕೊಂಡದ್ದು 12400 ಮತ್ತು ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಕಾರ್ಡು. ವಿಡಿಯೊ ಕುಗ್ಗಿಸುವ ಹೊಸ ನಮೂನೆಯಾದ ಎವಿ1ನಲ್ಲಿ ರೆಕಾರ್ಡ್ ಮಾಡಬೇಕೆಂದಿದ್ದರೆ ಆರ್‌ಟಿಎಕ್ಸ್ 40 ಸರಣಿ, ಇಂಟೆಲ್ ಆರ್ಕ್ ಅಥವಾ ಆರ್‌ಎಕ್ಸ್ 7000 ಸರಣಿಗೆ ಹೋಗಬೇಕಾಗುತ್ತಿತ್ತು. 30 ಸರಣಿ ಎವಿ1 ಓಡಿಸುತ್ತದೆ, ಬರೆಯುವುದಿಲ್ಲ. ನನ್ನ ಕೆಲಸಕ್ಕೆ ಅದಕ್ಕಿಂತ ಹಳೆಯ ನಮೂನೆ ಎಚ್.265 ಸಾಕಾಗಿತ್ತು.

ರ‍್ಯಾಮ್ 16 ಜಿಬಿ, ಆದರೆ 8ರ ಎರಡು ಕಡ್ಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಮಷೀನುಗಳು ತಡವರಿಸುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ ಇದು. ಡಿಡಿಆರ್4-3200ರ ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ 25.6 ಜಿಬಿ ದಾರಿ, ಎರಡು ಚಾನೆಲ್‌ನಲ್ಲಿ ಹಾಕಿದರೆ 51.2. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಪರದೆ ತೋರಿಸುವುದು, ಅದನ್ನು ಎತ್ತಿಕೊಳ್ಳುವುದು, ಬಣ್ಣ ಬದಲಿಸುವುದು, ಎನ್‌ಕೋಡ್ ಮಾಡುವುದು ಎಲ್ಲವೂ ಇದೇ ದಾರಿಯಲ್ಲಿ ಓಡಾಡುತ್ತವೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿಗೆ ಹಾಕಬೇಕು. 1 ಮತ್ತು 2ಕ್ಕೆ ಅಕ್ಕಪಕ್ಕ ಚುಚ್ಚಿದರೆ ಎರಡು ಕಡ್ಡಿ ಇದ್ದೂ ಒಂದೇ ಚಾನೆಲ್ ಆಗುತ್ತದೆ. ಒಳಗಿನ ಗ್ರಾಫಿಕ್ಸೇ ಗತಿ ಎನ್ನುವವರು 2560×1440ಕ್ಕೆ ಇಳಿಯಿರಿ. ಪಿಕ್ಸೆಲ್ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಅಕ್ಷರ ಓದಲು ಏನೂ ತೊಂದರೆಯಿಲ್ಲ.

ಕೇಬಲ್ಲು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ಲ. ಎಚ್‌ಡಿಎಂಐ 1.4 ಪೋರ್ಟು 4ಕೆಗೆ 30 ಹರ್ಟ್ಸ್ ಮಾತ್ರ ಕೊಡುತ್ತದೆ. 60 ಬೇಕಿದ್ದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2. ಡೆಸ್ಕ್‌ಟಾಪೇ 30ರಲ್ಲಿ ಓಡುತ್ತಿದ್ದರೆ 60ರ ರೆಕಾರ್ಡಿಂಗಿನಲ್ಲಿ ಪ್ರತಿ ಚಿತ್ರವೂ ಎರಡೆರಡು ಸಲ ಬರುತ್ತದೆ, ಎಷ್ಟು ದುಡ್ಡಿನ ಕಾರ್ಡಿದ್ದರೂ ಅಷ್ಟೇ. 144 ಹರ್ಟ್ಸ್ ಮಾನಿಟರಿನದು ಬೇರೆ ತಂಟೆ: 144 ಅನ್ನು 60ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಚಲನೆ ಏರುಪೇರಾಗುತ್ತದೆ. ರೆಕಾರ್ಡ್ ಮಾಡುವಾಗ 120ಕ್ಕೆ ಇಳಿಸುತ್ತೇನೆ. ಇನ್ನು ‘4ಕೆ’ ಎಂದು ಬರೆದ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗಳು ಹೆಚ್ಚಾಗಿ 4ಕೆ ಸಿಗ್ನಲ್ ಒಳಗೆ ತೆಗೆದುಕೊಂಡು 1080ಪಿ ಹೊರಗೆ ಕೊಡುತ್ತವೆ. ಅದೇ ಮಷೀನಿನ ಪರದೆ ಹಿಡಿಯಲು ಅಂಥ ಡಬ್ಬಿಯ ಅಗತ್ಯವೇ ಇಲ್ಲ.

ಉಳಿಸಿದ್ದು ಡಿಸ್ಕಿನಲ್ಲಿ. ಎನ್‌ವೆಂಕ್ ಎಚ್.265, ಸಿಕ್ಯೂಪಿ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಚಿತ್ರ ಚೆನ್ನ) 20, ಪ್ರಿಸೆಟ್ (ಎನ್‌ಕೋಡರ್ ಎಷ್ಟು ಶ್ರಮ ಪಡಬೇಕೆಂಬ ಮಟ್ಟ) ಪಿ5 ಇಟ್ಟಿದ್ದೇನೆ. ಫೈಲ್ ಸರಾಸರಿ 40 ಎಂಬಿಪಿಎಸ್ ಆಯಿತೆಂದುಕೊಳ್ಳಿ, ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ. ಇದಕ್ಕೆ ಸಾಧಾರಣ ಸಾಟಾ ಎಸ್‌ಎಸ್‌ಡಿ ಧಾರಾಳ, ಸೆಕೆಂಡಿಗೆ 7,000 ಎಂಬಿ ಓಡುವ ಡ್ರೈವ್ ದಂಡ. ವಿಂಡೋಸ್ ಇರುವ ಹಳೇ ಹಾರ್ಡ್‌ಡಿಸ್ಕಿಗೇ ಬರೆಯಬೇಡಿ ಅಷ್ಟೇ. ಅಪ್‌ಡೇಟ್ ಶುರುವಾದರೆ ಡಿಸ್ಕಿನ ತಲೆ ಅತ್ತಿತ್ತ ಓಡಾಡುತ್ತಾ ರೆಕಾರ್ಡಿಂಗ್ ನಿಂತುಬಿಡುತ್ತದೆ. ಡ್ರೈವಿನ ಫಾರ್ಮ್ಯಾಟ್ ಹಳೇ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ರೆಕಾರ್ಡ್ ಮಾಡುವುದು ಎಂಕೆವಿ ಬಗೆಯ ಫೈಲಿನಲ್ಲಿ. ಮಾಮೂಲಿ ಎಂಪಿ4ನಲ್ಲಿ ಸೂಚಿಯನ್ನು ಕೊನೆಗೆ ಬರೆಯುವುದರಿಂದ ನಡುವೆ ಕರೆಂಟ್ ಹೋದರೆ ಇಡೀ ಫೈಲ್ ತೆರೆಯುವುದಿಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನದ್ದು ಉಳಿಯುತ್ತದೆ, ಆಮೇಲೆ ಓಬಿಎಸ್‌ನಲ್ಲೇ ರೀಮಕ್ಸ್ ಮಾಡಿಕೊಳ್ಳಬಹುದು (ಮತ್ತೆ ಕುಗ್ಗಿಸದೆ ಎಂಪಿ4 ಆಗಿಸುವುದು).

ಇಷ್ಟಾದರೂ ಕೆಂಪು ಅಕ್ಷರ ಕೈಕೊಡುತ್ತದೆ. ಮಾಮೂಲಿ ಎನ್‌ವಿ12 ನಮೂನೆಯಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಉಳಿಯುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕೆಂಪಾಗಿ ‘ರಾಷ್ಟ್ರ’ ಎಂದು ಬರೆದು ನೋಡಿ: ‘ಷ’ದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಪ್ರತಿ ಪಿಕ್ಸೆಲ್ಲಿನ ಬಣ್ಣವನ್ನೂ ಉಳಿಸುವ ಐ444 ನಮೂನೆ ಆರಿಸಿದರೆ ಸರಿಹೋಗುತ್ತದೆ, ಆದರೆ ಆ ಫೈಲನ್ನು ಎಷ್ಟೋ ಫೋನುಗಳು ಓಡಿಸುವುದಿಲ್ಲ. ಅಕ್ಷರ ದೊಡ್ಡದಾಗಲೆಂದು ನಾನು ವಿಂಡೋಸ್ ಸ್ಕೇಲಿಂಗ್ 200%ಗೆ ಏರಿಸಿ, ಎಡಿಟರಿನ ಥೀಮಿನಿಂದ ಕೆಂಪು ತೆಗೆದುಹಾಕಿದೆ.

ತೊಂದರೆ ಎಲ್ಲಿದೆ ಎಂದು ಊಹಿಸಬೇಕಿಲ್ಲ, ಓಬಿಎಸ್‌ನ ಸ್ಟ್ಯಾಟ್ಸ್ ತೆರೆದಿಡಿ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಬಿಡುವಿಲ್ಲ: ಆಟವಾದರೆ ಅದರ ಫ್ರೇಮ್ ರೇಟಿಗೆ ಮಿತಿ ಹಾಕಿ, ಓಬಿಎಸ್ಸನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಎನ್‌ಕೋಡರಿಗೆ ಕೈ ಸಾಲುತ್ತಿಲ್ಲ: ಪ್ರಿಸೆಟ್ಟನ್ನು ಪಿ4ಕ್ಕೆ ಇಳಿಸಿ, ಲುಕ್-ಅಹೆಡ್ (ಮುಂದಿನ ಫ್ರೇಮುಗಳನ್ನು ಮೊದಲೇ ನೋಡುವ ಆಯ್ಕೆ) ಆಫ್ ಮಾಡಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಬರೀ ಕಪ್ಪು ಪರದೆ ಬಂದರೆ, ಪರದೆಯನ್ನು ನಡೆಸುತ್ತಿರುವ ಚಿಪ್ಪಿನಲ್ಲಿ ಓಬಿಎಸ್ ಓಡುತ್ತಿಲ್ಲ ಎಂದರ್ಥ. ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಬದಲಿಸಬಹುದು. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿರಲೇಬೇಕು.

ಐದು ನಿಮಿಷದ ಟೆಸ್ಟ್ ನಂಬಬೇಡಿ, ಬಿಸಿಯಾಗಿ ವೇಗ ಇಳಿಯುವುದು ಆಮೇಲೆ. 40 ನಿಮಿಷ ರೆಕಾರ್ಡ್ ಮಾಡಿ, ಕೊನೆಯ ಭಾಗದಲ್ಲಿ ಉದ್ದನೆಯ ಪುಟವೊಂದನ್ನು ಒಂದೇ ವೇಗದಲ್ಲಿ ಸ್ಕ್ರೋಲ್ ಮಾಡಿ. ಆ ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ‘ಇ’ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗಿ. ಪುಟ ಪ್ರತಿ ಒತ್ತಿಗೂ ಸರಿಯಬೇಕು. ಕೀ ಒತ್ತಿಯೂ ಅದು ಅಲ್ಲೇ ನಿಂತಿದ್ದರೆ ಅಲ್ಲೊಂದು ಫ್ರೇಮ್ ಹೋಗಿದೆ.