ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದದಿದ್ದಾಗ ತೂಗಿ ನೋಡುವ ಬಗೆ: ಹ್ಯಾನ್‌ಬರಿ ಬೀದಿಯ ಕೊಲೆ, 1888

1888ರ ಸೆಪ್ಟೆಂಬರ್ 8ರ ಶನಿವಾರ ಬೆಳಗ್ಗೆ ಆರು ಗಂಟೆಯ ಆಸುಪಾಸಿನಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಪ್ರದೇಶದ ಹ್ಯಾನ್‌ಬರಿ ಬೀದಿಯಲ್ಲಿ, 29ನೇ ನಂಬರಿನ ಮನೆಯ ಹಿತ್ತಿಲಲ್ಲಿ, ಆ್ಯನಿ ಚಾಪ್‌ಮನ್ ಎಂಬ 47 ವರ್ಷದ ಮಹಿಳೆಯ ಶವ ಸಿಕ್ಕಿತು. ಅದೇ ಮನೆಯ ಮೇಲಂತಸ್ತಿನಲ್ಲಿ ವಾಸವಿದ್ದ ಜಾನ್ ಡೇವಿಸ್ ಎಂಬ ಗಾಡಿ ಹೊಡೆಯುವವರು ಅದನ್ನು ಮೊದಲು ಕಂಡರು. ಕೊಲೆಗಾರ ಯಾರೆಂಬುದು ಇಂದಿಗೂ ತಿಳಿದಿಲ್ಲ. ಇದೂ ಸೇರಿದಂತೆ ಆ ವರ್ಷ ಪೂರ್ವ ಲಂಡನ್ನಿನಲ್ಲಿ ನಡೆದ ಸರಣಿ ಕೊಲೆಗಳ ಹಂತಕನಿಗೆ ಬಿದ್ದ ‘ಜ್ಯಾಕ್ ದಿ ರಿಪ್ಪರ್’ ಎಂಬ ಹೆಸರಿನ ಸುತ್ತ ಹುಟ್ಟಿಕೊಂಡ ಊಹೆಗಳಿಗೆ ಲೆಕ್ಕವಿಲ್ಲ. ಈ ಬರಹ ಆ ಊಹೆಗಳ ಬಗೆಗಲ್ಲ. ಸಾಕ್ಷಿಗಳು ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳಿದಾಗ ಓದುಗರಾದ ನಾವು ಅವರ ಮಾತನ್ನು ತೂಗುವುದು ಹೇಗೆ ಎಂಬುದನ್ನು ಈ ಒಂದು ಪ್ರಕರಣವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಬೇಕು. ‘ಕೊಂದವರು ಯಾರು’ ಎಂದು ಕೇಳಿಕೊಂಡು ಸಾಕ್ಷ್ಯವನ್ನು ಓದಲು ಕುಳಿತರೆ, ಮನಸ್ಸಿನಲ್ಲಿ ಆಗಲೇ ಇರುವ ಆಪಾದಿತನಿಗೆ ಒಗ್ಗುವ ಮಾತುಗಳಷ್ಟೇ ಕಣ್ಣಿಗೆ ಬೀಳುತ್ತವೆ. ಅದರ ಬದಲು ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆಯನ್ನು ಹಿಡಿಯಬೇಕು. ಇಲ್ಲಿ ಆ ಪ್ರಶ್ನೆ ಇಷ್ಟೇ: ಆ್ಯನಿ ಚಾಪ್‌ಮನ್ ಬೆಳಗಿನ ನಾಲ್ಕೂವರೆಯ ಹೊತ್ತಿಗೆ ತೀರಿಕೊಂಡಿದ್ದರೇ, ಇಲ್ಲವೇ ಐದೂವರೆಯ ಹತ್ತಿರದವರೆಗೂ ಬದುಕಿದ್ದರೇ? ಒಂದು ಗಂಟೆಯ ಈ ಅಂತರದಲ್ಲೇ ಸಾಕ್ಷಿಗಳು ಬೇರೆ ಬೇರೆ ದಾರಿ ಹಿಡಿಯುತ್ತಾರೆ.

ಸಂಬಂಧಪಟ್ಟವರು ನಾಲ್ವರು. ಮನೆಯಲ್ಲಿ ಪ್ಯಾಕಿಂಗ್ ಪೆಟ್ಟಿಗೆ ತಯಾರಿಸುವ ಕೆಲಸ ನಡೆಸುತ್ತಿದ್ದ ಅಮೀಲಿಯಾ ರಿಚರ್ಡ್‌ಸನ್ ಅವರ ಮಗ ಜಾನ್ ರಿಚರ್ಡ್‌ಸನ್, ನೆಲಮಾಳಿಗೆಯ ಬೀಗ ಭದ್ರವಾಗಿದೆಯೇ ಎಂದು ನೋಡಲು ಸುಮಾರು 4:45ಕ್ಕೆ ಬಂದಿದ್ದಾಗಿಯೂ, ಹಿತ್ತಿಲಿಗಿಳಿಯುವ ನಡುಮೆಟ್ಟಿಲ ಮೇಲೆ ಕುಳಿತು ಕಾಲಿಗೆ ನೋವು ಕೊಡುತ್ತಿದ್ದ ಬೂಟಿನ ಚರ್ಮದ ತುಂಡನ್ನು ಕತ್ತರಿಸಿದ್ದಾಗಿಯೂ, ಅಲ್ಲಿ ಶವ ಇರಲಿಲ್ಲವೆಂದೂ ಹೇಳಿದರು. ಪಕ್ಕದ 27ನೇ ನಂಬರಿನ ಬಡಗಿ ಆಲ್ಬರ್ಟ್ ಕ್ಯಾಡೋಶ್, ಸುಮಾರು 5:20ಕ್ಕೆ ತಮ್ಮ ಹಿತ್ತಿಲಿನಿಂದ ಒಳಗೆ ಹೋಗುವಾಗ ‘ನೋ’ ಎಂಬ ದನಿಯನ್ನು ಕೇಳಿದರು. ಮೂರ್ನಾಲ್ಕು ನಿಮಿಷದ ನಂತರ ಮತ್ತೆ ಹೊರಬಂದಾಗ, 29ರ ಕಡೆಯ ಮರದ ಬೇಲಿಗೆ ಏನೋ ತಾಗಿ ಬಿದ್ದಂತೆ ಅವರಿಗೆ ಕೇಳಿಸಿತು. ಸ್ಪಿಟಲ್‌ಫೀಲ್ಡ್ಸ್ ಮಾರುಕಟ್ಟೆಗೆ ಹೊರಟಿದ್ದ ಎಲಿಜಬೆತ್ ಲಾಂಗ್, ಐದೂವರೆ ಹೊಡೆದ ಬೆನ್ನಲ್ಲೇ 29ರ ಬಳಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಮಾತಾಡುತ್ತಿದ್ದುದನ್ನು ಕಂಡರು. ಮುಂದೆ ಶವಾಗಾರದಲ್ಲಿ ಆ ಹೆಂಗಸು ಇವರೇ ಎಂದು ಗುರುತಿಸಿದರು. ಇವರೆಲ್ಲರಿಗೂ ಎದುರಾಗಿ ನಿಲ್ಲುವವರು ಪೊಲೀಸ್ ಸರ್ಜನ್ ಡಾ. ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್. 6:30ಕ್ಕೆ ಶವವನ್ನು ಪರೀಕ್ಷಿಸಿದ ಅವರು, ಸಾವು ಸಂಭವಿಸಿ ಕಡಿಮೆಯೆಂದರೂ ಎರಡು ಗಂಟೆಯಾಗಿದೆ, ಬಹುಶಃ ಇನ್ನೂ ಹೆಚ್ಚಾಗಿದೆ ಎಂದರು.

ದಾಖಲೆ ಯಾವ ಕೈಯಿಂದ ಬಂದದ್ದು

ತೂಗಲು ಶುರುಮಾಡುವ ಮುನ್ನ, ನಮ್ಮ ಕೈಯಲ್ಲಿರುವುದು ಸಾಕ್ಷಿಯ ಮಾತೇ ಅಥವಾ ಆ ಮಾತಿನ ವರದಿಯೇ ಎಂದು ನೋಡಬೇಕು. ಈ ಪ್ರಕರಣದಲ್ಲಿ ಕೊರೋನರ್, ಅಂದರೆ ಅಸಹಜ ಸಾವಿನ ಕಾರಣವನ್ನು ಜ್ಯೂರಿಯೊಡನೆ ವಿಚಾರಿಸುವ ಅಧಿಕಾರಿ, ನಡೆಸಿದ ವಿಚಾರಣೆಯ ಮೂಲ ಕಾಗದಪತ್ರಗಳು ಉಳಿದಿಲ್ಲ. ನಾವು ಓದುವ ಸಾಕ್ಷ್ಯವೆಲ್ಲ ಹೆಚ್ಚಾಗಿ ಅಂದಿನ ಪತ್ರಿಕೆಗಳ ವರದಿಗಾರರು ಬರೆದುಕೊಂಡದ್ದು. ಆದ್ದರಿಂದ ಒಂದೇ ಪತ್ರಿಕೆಯನ್ನು ನಂಬಿ ಕೂರಬಾರದು. ‘ದಿ ಟೈಮ್ಸ್’, ‘ಡೈಲಿ ಟೆಲಿಗ್ರಾಫ್’ ಮುಂತಾದವುಗಳ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಎಲ್ಲದರಲ್ಲೂ ಇರುವ ಮಾತು ಯಾವುದು, ಒಂದರಲ್ಲಿ ಮಾತ್ರ ಇರುವುದು ಯಾವುದು ಎಂದು ಗುರುತು ಹಾಕಿಕೊಳ್ಳಬೇಕು. ಈ ಎಚ್ಚರ ಏಕೆ ಬೇಕೆಂಬುದಕ್ಕೆ ಅದೇ ತಿಂಗಳ 30ರಂದು ಬರ್ನರ್ ಬೀದಿಯಲ್ಲಿ ನಡೆದ ಎಲಿಜಬೆತ್ ಸ್ಟ್ರೈಡ್ ಅವರ ಕೊಲೆಯೇ ನಿದರ್ಶನ. ಅಲ್ಲಿನ ಮುಖ್ಯ ಸಾಕ್ಷಿ ಇಸ್ರೇಲ್ ಶ್ವಾರ್ಟ್ಸ್ ಇಂಗ್ಲಿಷ್ ಬಾರದ ಹಂಗೇರಿಯವರು. ಅವರು ಕಂಡ ಎರಡನೆಯ ಗಂಡಸು ಪೊಲೀಸ್ ವರದಿಯಲ್ಲಿ ಪೈಪು ಹೊತ್ತಿಸಿಕೊಳ್ಳುತ್ತಿದ್ದಾನೆ. ‘ಸ್ಟಾರ್’ ಪತ್ರಿಕೆಯಲ್ಲಿ ಅವನ ಕೈಗೆ ಚಾಕು ಬಂದಿದೆ. ದುಭಾಷಿಯ ಮೂಲಕ ಹಾದು, ಅವಸರದಲ್ಲಿ ಅಚ್ಚಾದ ಮಾತಿಗೆ ಹೀಗಾಗುವುದುಂಟು.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಮುಂದಿನ ಕೆಲಸವೆಂದರೆ ಪ್ರತಿಯೊಬ್ಬರ ಹೇಳಿಕೆಯನ್ನು ವಾಕ್ಯ ವಾಕ್ಯವಾಗಿ ಬಿಡಿಸುವುದು. ಒಬ್ಬ ಸಾಕ್ಷಿಯನ್ನು ಇಡಿಯಾಗಿ ನಂಬುವುದಾಗಲಿ ಇಡಿಯಾಗಿ ತಳ್ಳಿಹಾಕುವುದಾಗಲಿ ಸರಿಯಲ್ಲ, ಏಕೆಂದರೆ ಒಂದೇ ಹೇಳಿಕೆಯೊಳಗೆ ಗಟ್ಟಿಯಾದ ಮಾತೂ ಜೊಳ್ಳಾದ ಮಾತೂ ಕೂಡಿಕೊಂಡಿರುತ್ತವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಈ ಕೆಲಸಕ್ಕೆಂದೇ ಹೇಳಿದಂತಿದೆ.

ಲಾಂಗ್ ಅವರನ್ನೇ ತೆಗೆದುಕೊಳ್ಳಿ. ಬೀದಿಯಲ್ಲಿ ಇಬ್ಬರು ನಿಂತಿದ್ದರು, ಹೆಂಗಸಿನ ಮುಖ ತಮ್ಮ ಕಡೆಗಿತ್ತು, ಗಂಡಸು ಬೆನ್ನು ಮಾಡಿದ್ದ, ಅವನು ಏನೋ ಕೇಳಿದ್ದಕ್ಕೆ ಅವಳು ಒಪ್ಪಿದಳು: ಇಷ್ಟನ್ನು ಅವರು ಕಂಡು ಕೇಳಿದ್ದಾರೆ. ಆ ಗಂಡಸು ನಲವತ್ತು ದಾಟಿದವನು, ಹೊರದೇಶದವನಂತಿದ್ದ ಎಂಬ ಮಾತುಗಳು ಮುಖವನ್ನೇ ನೋಡದೆ ಮಾಡಿದ ಊಹೆಗಳು. ಅವನ ಕೋಟಿನ ಬಣ್ಣದ ಬಗ್ಗೆಯೂ ಅವರಿಗೆ ಖಾತರಿ ಇರಲಿಲ್ಲ. ವಿಚಾರಣೆಯಲ್ಲಿ ಕೇಳಿದಾಗ, ಆ ಹೊತ್ತಿನಲ್ಲಿ ಹಾಗೆ ನಿಂತು ಮಾತಾಡುವವರನ್ನು ದಿನವೂ ಎಷ್ಟೋ ಜನರನ್ನು ನೋಡುತ್ತೇನೆ, ಆದ್ದರಿಂದಲೇ ಹೆಚ್ಚು ಗಮನಿಸಲಿಲ್ಲ ಎಂದು ಅವರೇ ಹೇಳಿದ್ದಾರೆ. ಅಷ್ಟಾಗಿ ಗಮನಿಸದ ಅಪರಿಚಿತ ಮುಖವನ್ನು ಕೆಲವು ದಿನಗಳ ನಂತರ ಶವಾಗಾರದಲ್ಲಿ, ಅದೂ ಒಂದೇ ಒಂದು ಮುಖವನ್ನು ಎದುರಿಗಿಟ್ಟಾಗ, ಗುರುತಿಸುವುದಕ್ಕೆ ಎಷ್ಟು ತೂಕ ಕೊಡಬಹುದು? ಅವರು ಪ್ರಾಮಾಣಿಕರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗುರುತು ತಪ್ಪುವುದಕ್ಕೆ ಸುಳ್ಳು ಹೇಳುವ ಮನಸ್ಸೇ ಬೇಕಾಗಿಲ್ಲ.

ಕ್ಯಾಡೋಶ್ ಅವರ ಸಾಕ್ಷ್ಯ ಬೇರೆ ಬಗೆಯದು. ಅವರು ಏನನ್ನೂ ಕಾಣಲಿಲ್ಲ. ‘ನೋ’ ಎಂಬ ದನಿ ಯಾವ ಕಡೆಯಿಂದ ಬಂತೆಂದು ಖಚಿತವಾಗಿ ಹೇಳಲಾರೆ ಎಂದು ಒಪ್ಪಿಕೊಂಡರು; ಬೇಲಿಗೆ ತಾಗಿದ ಸದ್ದಿನ ವಿಷಯದಲ್ಲಿ ಮಾತ್ರ ಅದು 29ರ ಬೇಲಿಯೇ ಎಂದರು. ಬೇಲಿ ಐದೂವರೆ ಅಡಿಗೂ ಮೇಲ್ಪಟ್ಟು ಎತ್ತರವಿತ್ತು. ಇಣುಕಿ ನೋಡುವ ಕುತೂಹಲ ಬರಲಿಲ್ಲವೇ ಎಂದು ಕೇಳಿದಾಗ, ಆ ಮನೆಯವರು ಪ್ಯಾಕಿಂಗ್ ಪೆಟ್ಟಿಗೆ ಮಾಡುವವರು, ಆಗಾಗ ದೊಡ್ಡ ಪೆಟ್ಟಿಗೆಯೊಂದು ಬೇಲಿಗೆ ತಾಗುವುದುಂಟು, ನಾನು ನನ್ನ ಕೆಲಸದ ಯೋಚನೆಯಲ್ಲಿದ್ದೆ ಎಂದು ಉತ್ತರಿಸಿದರು. ನೋಡದೆ ಹೋದದ್ದು ವಿಷಾದದ ಸಂಗತಿ ಎಂದು ಜ್ಯೂರಿಯ ಮುಖ್ಯಸ್ಥರು ಅಂದರು. ಓದುವಾಗ ನಮಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಸಾಕ್ಷ್ಯದ ದೃಷ್ಟಿಯಿಂದ ಈ ಉತ್ತರ ಅವರ ಮಾತಿನ ಬೆಲೆಯನ್ನು ಹೆಚ್ಚಿಸುತ್ತದೆ: ತಮ್ಮನ್ನು ನಾಯಕರನ್ನಾಗಿ ತೋರಿಸಿಕೊಳ್ಳುವ ಅವಕಾಶವಿದ್ದರೂ ಅವರು ಸದ್ದಿಗೆ ಇದ್ದ ಸಹಜ ವಿವರಣೆಯನ್ನು ತಾವೇ ಮುಂದಿಟ್ಟರು.

ಗಂಟೆ ಎಷ್ಟೆಂದು ತಿಳಿದದ್ದು ಹೇಗೆ

ಈ ಪ್ರಕರಣದಲ್ಲಿ ಎಲ್ಲವೂ ನಿಂತಿರುವುದು ಸಮಯದ ಮೇಲಾದ್ದರಿಂದ, ಪ್ರತಿ ಸಮಯದ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಬರೆದಿಟ್ಟುಕೊಳ್ಳುವುದು ಅತ್ಯಗತ್ಯ. ಸ್ವಂತ ಗಡಿಯಾರವಿಲ್ಲದ ಬಡಜನರಿಗೆ ಊರಿನ ಗಡಿಯಾರಗಳ ಗಂಟೆಯ ಸದ್ದೇ ಆಧಾರ. ಬೀದಿಗೆ ಬರುವ ಮುನ್ನ ಮದ್ಯದ ಕಾರ್ಖಾನೆಯ ಗಡಿಯಾರ ಐದೂವರೆ ಹೊಡೆದದ್ದನ್ನು ಲಾಂಗ್ ಕೇಳಿದ್ದರು. ಕ್ಯಾಡೋಶ್ ಅವರ 5:20 ಕೇವಲ ಅಂದಾಜು. ಆದರೆ ಕೆಲಸಕ್ಕೆ ಹೊರಟು ಸ್ಪಿಟಲ್‌ಫೀಲ್ಡ್ಸ್ ಚರ್ಚನ್ನು ದಾಟುವಾಗ ಐದೂವರೆ ಕಳೆದು ಎರಡು ನಿಮಿಷವಾಗಿತ್ತು ಎಂಬ ಮಾತು ಆ ಅಂದಾಜಿಗೆ ಒಂದು ಆಸರೆ. ಚರ್ಚಿಗೆ ನಡೆದುಹೋಗಲು ಬೇಕಾದ ನಿಮಿಷಗಳನ್ನು ಕಳೆದರೆ, ಬೇಲಿಯ ಸದ್ದು ಐದೂವರೆಗೆ ಮೊದಲೇ ಆಗಿರಬೇಕು. ಹಾಗಾದರೆ ಐದೂವರೆಯ ನಂತರ ಬೀದಿಯಲ್ಲಿ ಲಾಂಗ್ ಕಂಡ ಹೆಂಗಸು ಚಾಪ್‌ಮನ್ ಆಗಿರಲಾರರು. ಹೊರಗೆ ಹೋಗುವಾಗ ಬೀದಿಯಲ್ಲಿ ಅಂಥ ಗಂಡಸು ಹೆಂಗಸರು ಯಾರೂ ಕಾಣಲಿಲ್ಲ ಎಂದೂ ಕ್ಯಾಡೋಶ್ ಹೇಳಿದ್ದಾರೆ.

ಕೊರೋನರ್ ವಿನ್ ಬ್ಯಾಕ್ಸ್‌ಟರ್ ಅವರು ಕ್ಯಾಡೋಶ್ ಅವರ ಅಂದಾಜು ಕಾಲು ಗಂಟೆಯಷ್ಟು ತಪ್ಪಿದ್ದರೂ ಸಾಕು, ಈ ಅಂತರ ಉಳಿಯುವುದಿಲ್ಲ ಎಂದು ಎರಡನ್ನೂ ಕೂಡಿಸಿದರು. ಲಾಂಗ್ ಕೇಳಿದ್ದು ಐದೂಕಾಲಿನ ಸದ್ದಾಗಿರಬಹುದೆಂದು ಹೇಳಿ ಇನ್ನೊಂದು ರೀತಿಯಲ್ಲಿ ಕೂಡಿಸುವವರೂ ಇದ್ದಾರೆ. ಎರಡೂ ಸಾಧ್ಯ. ಆದರೆ ಹೀಗೆ ಕೂಡಿಸುವಾಗ ಹೊಂದಾಣಿಕೆ ನಮ್ಮ ಕೈಯಿಂದ ಬಂದದ್ದೇ ಹೊರತು ಸಾಕ್ಷಿಗಳಿಂದ ಬಂದದ್ದಲ್ಲ ಎಂಬುದನ್ನು ಮರೆಯಬಾರದು; ಸಮಯವನ್ನು ಸರಿಪಡಿಸಿಕೊಂಡ ಮೇಲೆ ‘ಇಬ್ಬರೂ ಒಂದನ್ನೇ ಹೇಳುತ್ತಾರೆ’ ಎಂದು ಅದನ್ನೇ ಪುರಾವೆಯಾಗಿ ಎಣಿಸಿದರೆ ಒಂದೇ ಊಹೆಯನ್ನು ಎರಡು ಸಲ ಲೆಕ್ಕ ಹಾಕಿದಂತಾಗುತ್ತದೆ. ಸಾಕ್ಷಿಗಳ ತಲೆ ಎಣಿಸುವುದು ಬೇರೆ, ಅವರ ಮಾತನ್ನು ತೂಗುವುದು ಬೇರೆ.

ಮೆಟ್ಟಿಲ ಮೇಲಿನ ಮನುಷ್ಯ

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ರಿಚರ್ಡ್‌ಸನ್ ಅವರ ಬಳಿ, ಏಕೆಂದರೆ ಡಾಕ್ಟರ ಮಾತಿಗೆ ಅವರ ಮಾತು ನೇರವಾಗಿ ಅಡ್ಡ ಬರುತ್ತದೆ. ಇಲ್ಲಿ ಸ್ಥಳದ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಶವ ಮೆಟ್ಟಿಲುಗಳ ಎಡಕ್ಕೆ, ಬೇಲಿಯ ಉದ್ದಕ್ಕೆ ಬಿದ್ದಿತ್ತು. ತಲೆ ಕೆಳಗಿನ ಮೆಟ್ಟಿಲ ಮಟ್ಟದಿಂದ ಆರು ಅಂಗುಲವಷ್ಟೇ ಮುಂದಿತ್ತು. ಹಿಂಬಾಗಿಲು ಹೊರಕ್ಕೆ, ಅದೇ ಎಡಗಡೆಗೆ ತೆರೆದುಕೊಳ್ಳುತ್ತಿತ್ತು. ಮೇಲೆ ನಿಂತು ಬಾಗಿಲನ್ನು ಅರ್ಧ ತಳ್ಳಿ ಬಲಕ್ಕಿದ್ದ ನೆಲಮಾಳಿಗೆಯ ಬೀಗ ನೋಡಿದವರಿಗೆ ಬಾಗಿಲೇ ಶವವನ್ನು ಮರೆಮಾಡಬಹುದಿತ್ತು. ನಡುಮೆಟ್ಟಿಲ ಮೇಲೆ ಕುಳಿತು ಹಿತ್ತಿಲ ಹಾಸುಗಲ್ಲಿಗೆ ಕಾಲೂರಿ ಬೂಟು ಕತ್ತರಿಸಿದವರಿಗೆ ಅದು ಕೈಯಳತೆಯಲ್ಲಿ ಇರುತ್ತಿತ್ತು. ಹೀಗಾಗಿ ಅವರು ಕುಳಿತಿದ್ದರೇ ಇಲ್ಲವೇ ಎಂಬುದೇ ಎಲ್ಲ.

ಆ ದಿನ ಏಳು ಗಂಟೆಗೆ ಸ್ವಲ್ಪ ಮೊದಲು ಅವರೊಡನೆ ಮಾತಾಡಿದ ಇನ್‌ಸ್ಪೆಕ್ಟರ್ ಜೋಸೆಫ್ ಚಾಂಡ್ಲರ್, ಹಿಂಬಾಗಿಲಿಗೆ ಬಂದು ನೆಲಮಾಳಿಗೆಯ ಕಡೆ ನೋಡಿ ಹೋದೆ ಎಂದಷ್ಟೇ ರಿಚರ್ಡ್‌ಸನ್ ಹೇಳಿದ್ದರು, ಬೂಟಿನ ಮಾತು ಬರಲಿಲ್ಲ ಎಂದು ಸಾಕ್ಷ್ಯ ನುಡಿದರು. ವಿಚಾರಣೆಗೆ ತಂದು ತೋರಿಸಿದ ಚಾಕು ಮೊಂಡಾಗಿ ಕಂಡದ್ದರಿಂದ, ಕೊನೆಗೆ ಮಾರುಕಟ್ಟೆಯಲ್ಲಿ ಬೇರೆ ಚಾಕು ಪಡೆದು ಬೂಟನ್ನು ಸರಿಮಾಡಿಕೊಂಡೆ ಎಂದು ರಿಚರ್ಡ್‌ಸನ್ ವಿವರಿಸಬೇಕಾಯಿತು. ಕಥೆ ಬೆಳೆದದ್ದನ್ನು ಹಗುರವಾಗಿ ಕಾಣಬಾರದು. ಆದರೂ ಬಿಟ್ಟುಹೋದ ಮಾತಿಗೂ ವಿರುದ್ಧವಾದ ಮಾತಿಗೂ ವ್ಯತ್ಯಾಸವಿದೆ. ತಾಯಿಯ ಮನೆಯ ಪ್ಯಾಸೇಜಿನಲ್ಲಿ, ಕೊಲೆ ಬಯಲಾದ ಗಂಟೆಯೊಳಗೆ, ಪೊಲೀಸರ ಒಂದೆರಡು ಪ್ರಶ್ನೆಗೆ ಉತ್ತರಿಸುವಾಗ ಬೂಟಿನ ವಿಷಯ ಬಾರದಿರುವುದು ಅಸಹಜವಲ್ಲ. ಅಂದೂ, ಶವ ಆಗ ಅಲ್ಲಿರಲಿಲ್ಲವೆಂಬುದು ಖಚಿತ ಎಂದು ಅವರು ಹೇಳಿದ್ದನ್ನು ಚಾಂಡ್ಲರ್ ಅವರೇ ಒಪ್ಪುತ್ತಾರೆ. ಇನ್ನೂ ಒಂದು ಸಂಗತಿ: ಕೊಲೆ ನಡೆದ ಜಾಗದಲ್ಲಿ ಕೈಯಲ್ಲಿ ಚಾಕು ಹಿಡಿದು ಕುಳಿತಿದ್ದೆ ಎಂದು ಹೇಳುವುದರಿಂದ ಅವರಿಗೆ ಆಗಬಹುದಾಗಿದ್ದುದು ಕೇಡೇ ಹೊರತು ಲಾಭವಲ್ಲ. ತನಗೇ ಅಪಾಯ ತರುವ ಮಾತಿಗೆ ಒಂದು ತೂಕ ಹೆಚ್ಚು.

ಬೆಳಕನ್ನೂ ಪರೀಕ್ಷಿಸಬೇಕು. ಲಂಡನ್ನಿನಲ್ಲಿ ಆ ದಿನಾಂಕಕ್ಕೆ ಸೂರ್ಯೋದಯ ಸುಮಾರು 5:25ಕ್ಕೆ. ನಸುಬೆಳಕು ಹರಡತೊಡಗುವುದು ಅದಕ್ಕೆ ಅರ್ಧ ಗಂಟೆಗೂ ಸ್ವಲ್ಪ ಮೊದಲು. ಪೂರ್ತಿ ಬೆಳಕಾಗಿರಲಿಲ್ಲ, ಆದರೆ ಬೆಳಕಾಗುತ್ತಿತ್ತು ಎಂಬ ರಿಚರ್ಡ್‌ಸನ್ ಅವರ ಮಾತು ಪಂಚಾಂಗಕ್ಕೆ ಹೊಂದುತ್ತದೆ.

ಡಾಕ್ಟರೂ ಒಬ್ಬ ಸಾಕ್ಷಿಯೇ

ತಜ್ಞರ ಮಾತೆಂಬ ಕಾರಣಕ್ಕೆ ಅದನ್ನು ತಕ್ಕಡಿಯಿಂದ ಹೊರಗಿಡಲಾಗದು. ಫಿಲಿಪ್ಸ್ ಅವರು ಅನುಭವಿಗಳು, ಮಾತಿನಲ್ಲಿ ಎಚ್ಚರವುಳ್ಳವರು. ದೇಹ ತಣ್ಣಗಾಗಿತ್ತು, ಒಳಭಾಗದಲ್ಲಿ ಮಾತ್ರ ಸ್ವಲ್ಪ ಕಾವು ಉಳಿದಿತ್ತು, ಕೈಕಾಲುಗಳ ಬಿಗಿತ ಆಗಷ್ಟೇ ಶುರುವಾಗಿತ್ತು ಎಂಬುದು ಅವರು ಕಂಡದ್ದು. ಎರಡು ಗಂಟೆ ಎಂಬುದು ಅದರಿಂದ ಅವರು ತೆಗೆದ ತೀರ್ಮಾನ. ಅದರ ಬೆನ್ನಲ್ಲೇ, ಬೆಳಗು ಸಾಕಷ್ಟು ತಂಪಾಗಿತ್ತು, ಬಹಳಷ್ಟು ರಕ್ತ ಹೋಗಿದ್ದರಿಂದ ದೇಹ ಬೇಗ ತಣ್ಣಗಾಗುವ ಸಂಭವವಿತ್ತು ಎಂದು ಅವರೇ ಸೇರಿಸಿದ್ದಾರೆ. ಇದರ ಜೊತೆಗೆ ದೇಹ ಘೋರವಾಗಿ ತೆರೆಯಲ್ಪಟ್ಟಿತ್ತು, ಚಾಪ್‌ಮನ್ ಅವರು ರೋಗದಿಂದಲೂ ಕೊರತೆಯ ಬದುಕಿನಿಂದಲೂ ಸೊರಗಿದ್ದರು. ಕೈಯಿಂದ ಮುಟ್ಟಿ ತಿಳಿದ ತಂಪಿನಿಂದ ಸಾವಿನ ಗಂಟೆಯನ್ನು ನಿರ್ಧರಿಸುವುದು ಎಷ್ಟು ಅಸ್ಥಿರವೆಂಬುದು ಇಂದಿನ ನ್ಯಾಯ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ಬಿಗಿತ ಆರಂಭವಾಗುವ ಹೊತ್ತೂ ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ. ಹೊಟ್ಟೆಯಲ್ಲಿ ಸಿಕ್ಕ ಸ್ವಲ್ಪ ಆಹಾರವೂ ಏನನ್ನೂ ತೀರ್ಮಾನಿಸುವುದಿಲ್ಲ, ಏಕೆಂದರೆ ರಾತ್ರಿ ಎರಡು ಗಂಟೆಯ ಒಳಗೆ ಡಾರ್ಸೆಟ್ ಬೀದಿಯ ವಸತಿಗೃಹದಿಂದ ಹೊರಟ ಮೇಲೆ ಅವರು ಏನು ತಿಂದರೆಂಬುದಕ್ಕೆ ಸಾಕ್ಷಿಯಿಲ್ಲ.

ತಪ್ಪಿಗೆ ತೆರಬೇಕಾದ ಬೆಲೆ

ಕೊನೆಗೆ, ಒಂದೊಂದು ಉತ್ತರವನ್ನೂ ನಿಜವೆಂದು ಇಟ್ಟುಕೊಂಡು, ಅದಕ್ಕಾಗಿ ಯಾರು ಯಾರು ಎಷ್ಟೆಷ್ಟು ತಪ್ಪಿರಬೇಕು ಎಂದು ಕೇಳಿಕೊಳ್ಳಬೇಕು. ಸಾವು ನಾಲ್ಕೂವರೆಗೆ ಮೊದಲೆಂದರೆ, ರಿಚರ್ಡ್‌ಸನ್ ಪಕ್ಕದಲ್ಲಿದ್ದ ಶವವನ್ನು ಕಾಣದೆ ಹೋಗಿರಬೇಕು ಅಥವಾ ಕುಳಿತದ್ದೇ ಸುಳ್ಳಾಗಿರಬೇಕು. ಶವ ಬಿದ್ದಿದ್ದ ಹಿತ್ತಿಲಲ್ಲಿ ಐದೂಕಾಲರ ಮೇಲೆ ಬೇಲಿಗೆ ತಾಗಿದ್ದು ಇನ್ನಾವುದೋ ಆಗಿರಬೇಕು. ಲಾಂಗ್ ಅವರ ಗುರುತೂ ತಪ್ಪಾಗಿರಬೇಕು. ಸಾವು ಐದೂಕಾಲರಿಂದ ಐದೂವರೆಯ ನಡುವೆ ಎಂದರೆ, ಡಾಕ್ಟರ ಅಂದಾಜು ಸುಮಾರು ಒಂದು ಗಂಟೆಯಷ್ಟು ತಪ್ಪಬೇಕು, ಅದಕ್ಕೆ ಅವರೇ ಬಾಗಿಲು ತೆರೆದಿಟ್ಟಿದ್ದಾರೆ; ಜೊತೆಗೆ ಲಾಂಗ್ ಅವರ ಗಂಟೆಯೋ ಗುರುತೋ ತಪ್ಪಬೇಕು, ಇಲ್ಲವೇ ಕ್ಯಾಡೋಶ್ ಅವರ ಅಂದಾಜು. ಎರಡನೆಯದರ ಬೆಲೆ ಕಡಿಮೆ. ಪೊಲೀಸರು ಹೀಗೆ ಯೋಚಿಸಲಿಲ್ಲ ಎಂಬುದನ್ನೂ ಹೇಳಬೇಕು: ಅಕ್ಟೋಬರ್ 19ರ ವರದಿಯಲ್ಲಿ ಚೀಫ್ ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್, ಡಾಕ್ಟರ ಮಾತು ಸರಿಯಾದರೆ ಲಾಂಗ್ ಅವರ ಸಾಕ್ಷ್ಯವನ್ನು ಸಂಶಯದಿಂದಲೇ ನೋಡಬೇಕಾಗುತ್ತದೆ ಎಂದು ಬರೆದರು.

ನನ್ನ ತೀರ್ಮಾನವನ್ನು ಮೂರು ದರ್ಜೆಗಳಲ್ಲಿ ಬರೆಯುತ್ತೇನೆ, ನೀವೂ ಹಾಗೆ ಬರೆಯುವುದು ಒಳಿತು. ರಿಚರ್ಡ್‌ಸನ್ ಬಂದ ಹೊತ್ತಿನಲ್ಲಿ ಶವ ಅಲ್ಲಿರಲಿಲ್ಲ ಎಂಬುದನ್ನು ಬಹುಮಟ್ಟಿಗೆ ನಂಬಬಹುದು. ಕ್ಯಾಡೋಶ್ ಕೇಳಿದ್ದು ಕೊಲೆಯ ಸದ್ದೇ ಆಗಿರುವ ಸಂಭವ ಹೆಚ್ಚು. ಲಾಂಗ್ ಕಂಡದ್ದು ಚಾಪ್‌ಮನ್ ಅವರನ್ನೇ ಎಂಬುದು ಸಾಧ್ಯ, ಅಷ್ಟೆ. ಈ ಮೂರನೆಯ ದರ್ಜೆಯ ಮಾತಿನ ಮೇಲೆ, ಅಂದರೆ ಬೆನ್ನಷ್ಟೇ ಕಂಡ ಒಬ್ಬ ಗಂಡಸಿನ ವಯಸ್ಸು ಮತ್ತು ಮೂಲದ ಮೇಲೆ, ಯಾವುದೇ ಆಪಾದಿತನನ್ನು ಸೇರಿಸುವುದಾಗಲಿ ಬಿಡುವುದಾಗಲಿ ಕೂಡದು. ಆ ದಿನಗಳಲ್ಲಿ ‘ಹೊರದೇಶದವನಂತಿದ್ದ’ ಎಂಬ ಒಂದು ಮಾತು ಪೂರ್ವ ಲಂಡನ್ನಿನ ಯೆಹೂದಿ ವಲಸಿಗರ ಮೇಲಿನ ಸಂಶಯವನ್ನು ಹೆಚ್ಚಿಸುವಂಥದ್ದಾಗಿತ್ತು. ಮುಂದೆಂದಾದರೂ ಬ್ಯಾಕ್ಸ್‌ಟರ್ ಅವರ ಮೂಲ ಕಡತ ಸಿಕ್ಕಿದರೆ, ಮೊದಲು ತೆರೆದು ನೋಡಬೇಕಾದದ್ದು ಲಾಂಗ್ ಅವರ ಸಹಿಯಿರುವ ಹೇಳಿಕೆಯಲ್ಲಿ ಗಡಿಯಾರದ ಬಗ್ಗೆ ಇರುವ ಸಾಲು, ಆಮೇಲೆ ರಿಚರ್ಡ್‌ಸನ್ ತಾವು ಕುಳಿತಾಗ ಬಾಗಿಲು ಎಷ್ಟು ತೆರೆದಿತ್ತೆಂದು ಹೇಳಿದ ಮಾತು ಅದರಲ್ಲಿದೆಯೇ ಎಂಬುದು.